ನಾಲ್ಕು ಬಟ್ಟಲು ನೀರು

ಮಂಚದ ಮೂರನೇ ಕಾಲಿನ ಬಟ್ಟಲಿಗೆ ನೀರು ಸುರಿಯುತ್ತಿದ್ದಾಗ ಮುಸರ್ರತ್‌ಳ ಕೈಗೆ ಇರುವೆ ಕಚ್ಚಿತು. ಚೊಂಬನ್ನು ಕುಕ್ಕಿ ಇಟ್ಟು, ಕಚ್ಚಿದ್ದನ್ನು ಬೆರಳಲ್ಲಿ ಒರೆಸಿ ಹಾಕಿ, ಅವಳು ನಾಲ್ಕನೇ ಬಟ್ಟಲಿನತ್ತ ತೆವಳಿದಳು. ಮಂಚದ ಮೇಲೆ ಅವಳ ಅತ್ತೆ ಹಮೀದಾ ಬೇಗಂ ಬಿಳಿ ಚಾದರ ಹೊದ್ದು ಮಲಗಿದ್ದಳು. ಬೆಳಗಿನ ನಮಾಜಿಗೆ ಎಬ್ಬಿಸಲು ಹೋದರೆ ಎದ್ದಿರಲಿಲ್ಲ. ಪುಣ್ಯವಂತೆ, ಯಾರಿಗೂ ತೊಂದರೆ ಕೊಡದೆ ಹೋದಳು ಎಂದು ಬಂದವರೆಲ್ಲ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮುಸರ್ರತ್‌ಗೆ ಮೈಯುರಿಯುತ್ತಿತ್ತು. ತೊಂದರೆ ಕೊಡದೆಯಂತೆ! ಸತ್ತ ಮೇಲೂ ಸೊಸೆಯನ್ನು ಮಂಚದ ಕೆಳಗೆ ತೆವಳಿಸುತ್ತಿರುವುದು ಮತ್ತೆ ಯಾರು?

ಬಿಸಿಲೇರುವ ಹೊತ್ತಿಗೇ ಗೋಡೆಯ ಬಿರುಕಿನಿಂದ ಇರುವೆಗಳು ಸಾಲು ಹಿಡಿದಿದ್ದವು. ಪಕ್ಕದ ಮನೆಯ ಆಂಜಿನಮ್ಮ ಅದನ್ನು ನೋಡಿ, ಒಂದು ಮಾತೂ ಆಡದೆ ಎದ್ದು ಹೋಗಿ, ಎರಡು ಸಲ ಓಡಾಡಿ ನಾಲ್ಕು ಸಿಮೆಂಟಿನ ಬಟ್ಟಲು ತಂದು ಮಂಚದ ಕಾಲುಗಳಡಿ ಇಟ್ಟಿದ್ದಳು. ಎಲ್ಲಿಂದ ತಂದಳೆಂದು ಕೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ನೀರು ದಾಟಲಾರದೆ ಇರುವೆಗಳು ಮಂಚದ ಸುತ್ತ ಅಲೆಯುತ್ತಿದ್ದವು. ಆದರೆ ನೊಣಗಳಿಗೆ ಬಟ್ಟಲಿನ ಹಂಗಿರಲಿಲ್ಲ. ಹಮೀದಾಳ ಮಗಳು ಶಾಜಿಯಾ ಗೌರಿಬಿದನೂರಿನಿಂದ ಬರಬೇಕಿತ್ತು. ಅಲ್ಲಿಯವರೆಗೆ ಕಾಯದೆ ವಿಧಿಯಿರಲಿಲ್ಲ.

ಮೈದುನ ಉಮೇರ್ ಚಿಂತಾಮಣಿಯಿಂದ ಬೈಕಿನಲ್ಲಿ ಬಂದವನು ತಾಯಿಯ ಪಾದದ ಬಳಿ ಕೂತು ಅತ್ತ. ಅತ್ತು ಮುಗಿಸಿ, ಸುತ್ತ ನೋಡಿ, ಎದ್ದು ಅಂಗಡಿಗೆ ಹೋಗಿ ಉದ್ದನೆಯ ಸ್ಪ್ರೇ ಡಬ್ಬಿಯೊಂದನ್ನು ಹಿಡಿದುಕೊಂಡು ಬಂದ.

"ಭಾಭಿ, ಸ್ವಲ್ಪ ಸರೀರಿ. ಒಂದ್ಸಲ ಹೊಡೆದ್ರೆ ಇರುವೆ, ನೊಣ ಎಲ್ಲಾ ಖತಂ."

"ಕೆಳಗಿಡು ಅದನ್ನ."

"ಯಾಕೆ?"

"ಆಂಜಿನಮ್ಮಕ್ಕನ ರೇಷ್ಮೆ ಹುಳ ಹಣ್ಣಾಗ್ತಾ ಇದಾವೆ. ಅರ್ಧ ಗೂಡು ಕಟ್ಟೋಕೆ ಚಂದ್ರಿಕೆ ಹತ್ತಿದಾವೆ, ಅರ್ಧ ಇನ್ನೂ ತಟ್ಟೇಲಿ ಸೊಪ್ಪು ಮೇಯ್ತಾ ಇದಾವೆ. ಇಲ್ಲಿ ಹೊಡೆದಿದ್ದು ಅಲ್ಲಿಗೆ ಹೋಗ್ತದೆ. ಗೊತ್ತಿಲ್ವಾ ನಿಂಗೆ?"

ಗೊತ್ತಿಲ್ಲದೆ ಏನು? ಒಂದೇ ಹಳೇ ಮನೆಯನ್ನು ಮಾಲೀಕ ಎರಡಾಗಿ ಸೀಳಿ ಬಾಡಿಗೆಗೆ ಕೊಟ್ಟಿದ್ದ. ನಡುವಿನ ಗೋಡೆ ತೊಲೆಯವರೆಗೆ ಎದ್ದು ಅಲ್ಲಿಗೇ ನಿಂತಿತ್ತು. ಮೇಲೆ ಎರಡೂ ಮನೆಗೆ ಒಂದೇ ಹೆಂಚಿನ ಸೂರು. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನು ಬರುತ್ತಿತ್ತು.

"ಹಂಗಾದ್ರೆ ಅಮ್ಮಿ ಮುಖದ ಮೇಲೆ ನೊಣ ಕೂರಲಿ ಅಂತೀರಾ? ಹುಳಕ್ಕೆ ಇರೋ ಬೆಲೆ ಅಮ್ಮಿಗಿಲ್ವಾ?"

ಮುಸರ್ರತ್ ಡಬ್ಬಿಯನ್ನು ಅವನ ಕೈಯಿಂದ ಕಿತ್ತುಕೊಂಡು ಕಿಟಕಿಯಲ್ಲಿಟ್ಟಳು. ಮೂಲೆಯಲ್ಲಿ ಕೂತಿದ್ದ ಆಂಜಿನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದಳು. ಹೊಡೀಬೇಡಪ್ಪ ಎಂದು ಅವಳಾದರೂ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆ ಹೆಂಗಸಿನ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಕಲ್ಲಿನಿಂದ ನಾರು ತೆಗೆಯುವುದು ಸುಲಭ ಎನ್ನಿಸಿ ಮುಸರ್ರತ್‌ಗೆ ಅವಳ ಮೇಲೂ ಸಿಟ್ಟು ಬಂತು.

*

ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಹೊಸತರಲ್ಲಿ ಮುಸರ್ರತ್ ಹಾಸಿಗೆಯಡಿ ಕೈ ಹಾಕಿದರೆ ಒಣಗಿದ ಲಕ್ಕಿ ಸೊಪ್ಪು ಸಿಕ್ಕಿತ್ತು. ಯಾರೋ ಮಾಟ ಮಾಡಿಸಿದ್ದಾರೆಂದು ಹೆದರಿ ಕೂಗಿಕೊಂಡಿದ್ದಳು. ಹಮೀದಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಮಾಟ ಅಲ್ಲಮ್ಮಾ, ತಿಗಣೆಗೆ."

ತಿಗಣೆಗಳು ಆ ಸೊಪ್ಪಿನ ಮೇಲೇ ಸಂಸಾರ ಹೂಡಿದ್ದವು. ಅಕ್ಕಿಯ ಡಬ್ಬದಲ್ಲಿ ಬೇವಿನೆಲೆ ಇರುತ್ತಿತ್ತು, ಜೊತೆಗೆ ಹುಳುಗಳೂ ಇರುತ್ತಿದ್ದವು. ಸೊಳ್ಳೆಗೆಂದು ಕಿಟಕಿಯಲ್ಲಿ ಕಾಮಕಸ್ತೂರಿ ಕುಂಡ. ಒಲೆಯ ಹಿಂದೆ ಜಜ್ಜಿದ ಬೆಳ್ಳುಳ್ಳಿಯ ನೀರು ಚಿಮುಕಿಸಿ ಮನೆಯೆಲ್ಲ ನಾರುತ್ತಿತ್ತು. ಜಿರಳೆಗಳು ಅದನ್ನು ಷರಬತ್ತಿನ ಹಾಗೆ ಕುಡಿದು ಕೊಬ್ಬಿವೆ ಎಂದು ಮುಸರ್ರತ್ ಗಂಡ ಆತಿಫ್‌ನ ಹತ್ತಿರ ಆಡಿಕೊಳ್ಳುತ್ತಿದ್ದಳು. ಆತಿಫ್ ಅತ್ತ ತಾಯಿಗೂ ಇತ್ತ ಹೆಂಡತಿಗೂ ತಲೆಯಾಡಿಸುವ ಜಾಣ.

ಹಮೀದಾ ಸೋಲೊಪ್ಪಿಕೊಂಡವಳೇ ಅಲ್ಲ. ಒಂದು ಸೊಪ್ಪು ಕೈಕೊಟ್ಟರೆ ಇನ್ನೊಂದು ತರುತ್ತಿದ್ದಳು. ಹಗಲೆಲ್ಲ ರೇಷ್ಮೆ ಬಿಚ್ಚುವ ಕಾರ್ಖಾನೆಯಲ್ಲಿ ಕುದಿಯುವ ನೀರಿಗೆ ಗೂಡು ಹಾಕಿ ಎಳೆ ತೆಗೆಯುತ್ತಿದ್ದಳು. ಬೆಂದ ಹುಳದ ವಾಸನೆ ಹೊತ್ತ ಆ ಕೈಯಲ್ಲೇ ಸಂಜೆ ಮನೆಗೆ ಬಂದು ಬಜೆ ಬೇರು ಕುಟ್ಟುತ್ತ ಕೂರುತ್ತಿದ್ದಳು.

"ಅಲ್ಲಿ ಗಂಗಾಳಗಟ್ಟಲೆ ಹುಳ ಬೇಯಿಸ್ತೀರಿ. ಇಲ್ಲಿ ಪಕ್ಕದ ಮನೆ ಹುಳಕ್ಕೆ ಇಷ್ಟು ಮರುಗ್ತೀರಿ. ಇದ್ಯಾವ ನ್ಯಾಯ ಅಮ್ಮಿ?" ಎಂದು ಮುಸರ್ರತ್ ಒಮ್ಮೆ ಕೇಳಿದ್ದಳು.

ಆಗ ಹಮೀದಾ ಹೇಳಿದ್ದಳು. ಬಹಳ ಹಿಂದೆ ಅವಳ ಗಂಡ ವಜೀರ್ ತಿಗಣೆಗೆಂದು ಮನೆಗೆಲ್ಲ ಔಷಧಿ ಹೊಡೆದಿದ್ದ. ಮಾರನೆಯ ದಿನ ಆಂಜಿನಮ್ಮನ ಹುಳಗಳೆಲ್ಲ ತಲೆ ಎತ್ತಿ, ಹಸಿರು ಕಕ್ಕಿ, ಸತ್ತು ಬಿದ್ದವು. "ಅವಳು ಬಂದು ಜಗಳ ಮಾಡಿದ್ರೆ ಚೆನ್ನಾಗಿತ್ತು ಕಣಮ್ಮಾ. ನಾನೂ ನಾಲ್ಕು ಮಾತಾಡಿ ಮರೆತುಬಿಡ್ತಿದ್ದೆ. ಒಂದೊಂದೇ ತಟ್ಟೆ ತಗೊಂಡೋಗಿ ತಿಪ್ಪೆಗೆ ಸುರಿದು ಬಂದಳು. ಸಂಜೆ ಎಂದಿನಂಗೆ ಬಾಗಿಲಿಗೆ ಬಂದು, ಊಟ ಆಯ್ತಾ ಹಮೀದಕ್ಕ, ಅಂದಳು."

ಅದೇ ಕೊನೆ. ಆ ಮನೆಯೊಳಗೆ ಮತ್ತೆ ಯಾರೂ ಔಷಧಿ ಹೊಡೆಯಲಿಲ್ಲ.

*

ಶಾಜಿಯಾ ಬಂದಾಗ ಮಧ್ಯಾಹ್ನದ ನಮಾಜು ಮುಗಿದಿತ್ತು. ತಾಯಿಯ ಮುಖ ತಬ್ಬಿಕೊಂಡು ಅವಳು ಅತ್ತ ಅಳುವಿಗೆ ಬೀದಿಯವರೆಲ್ಲ ಕಣ್ಣೊರೆಸಿಕೊಂಡರು. ಆ ಗಲಾಟೆಯ ನಡುವೆ ಉಮೇರ್ ಎಲ್ಲಿ ಹೋದ, ಯಾವಾಗ ಬಂದ ಎಂಬುದು ಮುಸರ್ರತ್‌ಗೆ ತಿಳಿಯಲಿಲ್ಲ. ಒಮ್ಮೆಲೇ ಗಂಟಲು ಕೆರೆಯುವ ಘಾಟು ಮೂಗಿಗೆ ಬಡಿಯಿತು. ತಿರುಗಿ ನೋಡಿದರೆ ಲೋಬಾನದ ಕೆಂಡದ ಮೇಲೆ ಉಮೇರ್ ಎಲೆಗಳನ್ನು ಮುರಿದು ಹಾಕುತ್ತಿದ್ದ. ಹೊಗೆ ದಪ್ಪಗೆ ಎದ್ದು ತೊಲೆಯತ್ತ ಹೊರಟಿತ್ತು.

"ಏನೋ ಅದು?"

"ಹೊಗೆಸೊಪ್ಪು. ಸ್ಪ್ರೇ ಬೇಡ ಅಂದ್ರಲ್ಲ, ಅದಕ್ಕೇ ತಂದೆ. ಸೊಪ್ಪೇ ಅಲ್ವಾ ಭಾಭಿ? ಅಮ್ಮಿ ಜೀವಮಾನ ಪೂರ್ತಿ ಸೊಪ್ಪೇ ಹಾಕ್ತಿದ್ರಲ್ಲ!"

ಅದರ ಘಾಟೇ ಹುಳಕ್ಕೆ ವಿಷವೆಂದು, ಹುಳ ಸಾಕುವವರು ಹೊಗೆಸೊಪ್ಪು ಜಗಿದ ಬಾಯಲ್ಲಿ ಹುಳದ ಕೋಣೆಗೆ ಕಾಲಿಡುವುದಿಲ್ಲ. ಹಮೀದಾ ಹೊಸಲಿನೊಳಗೆ ಎಂದೂ ತರದೆ ಇದ್ದ ಸೊಪ್ಪೆಂದರೆ ಅದೊಂದೇ. ಅದನ್ನೇ ಹುಡುಕಿ ತಂದಿದ್ದಾನೆ ಮಹಾರಾಯ, ತಾಯಿಯ ನೆನಪಿಗೆ! ಮೂಲೆಯಲ್ಲಿದ್ದ ಆಂಜಿನಮ್ಮ ಅರ್ಧ ಎದ್ದು, ಜನರನ್ನು ನೋಡಿ, ಮತ್ತೆ ಕೂತಳು.

ಮುಸರ್ರತ್ ಚೊಂಬೆತ್ತಿ ಕೆಂಡದ ಮೇಲೆ ನೀರು ಸುರಿದಳು. ಚುಂಯ್ ಎಂದು ಬೂದಿ ಎದ್ದು ಉಮೇರ್‌ನ ಬಿಳಿ ಪೈಜಾಮದ ಮೇಲೆಲ್ಲ ಕೂತಿತು.

"ಯಾ ಅಲ್ಲಾ! ಮಯ್ಯತ್ ಮನೇಲಿ ಲೋಬಾನಕ್ಕೆ ನೀರಾ!" ಎಂದು ಮುದುಕಿಯೊಬ್ಬಳು ಎದೆ ಮುಟ್ಟಿಕೊಂಡಳು.

"ನೀವಾದ್ರೂ ಬಾಯಿ ಬಿಡಬಾರದಾ ಅಕ್ಕ?" ಮುಸರ್ರತ್ ಆಂಜಿನಮ್ಮನತ್ತ ಕಿರುಚಿದಳು. "ಹೋಗಿ, ಬಾಗಿಲು ಕಿಟಕಿ ಎಲ್ಲಾ ತೆಗೀರಿ. ಹೊಗೆ ನಿಲ್ಲಬಾರದು. ಹೋಗಿ!"

ಆಂಜಿನಮ್ಮ ಓಡಿದಳು.

"ಸ್ಪ್ರೇನೂ ಬೇಡ, ಸೊಪ್ಪೂ ಬೇಡ," ಶಾಜಿಯಾ ತಾಯಿಯ ಮುಖದ ಮೇಲಿನ ನೊಣ ಓಡಿಸಿದಳು. "ಮತ್ತೇನ್ ಮಾಡೋದು ಭಾಭಿ? ನೀವೇ ಹೇಳಿ."

"ಬೀಸು. ಬೀಸಣಿಗೆ ತಗೊಂಡು ನಿಮ್ಮಮ್ಮಂಗೆ ಬೀಸು."

ಶಾಜಿಯಾ ಬೀಸಿದಳು. ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಳು.

ಸ್ನಾನ ಮಾಡಿಸುವ ಹೆಂಗಸರು ಎಲಚಿ ಎಲೆ ಹಾಕಿ ನೀರು ಕಾಯಿಸಿ ಬಂದು ಮೈಗೆ ಸುತ್ತಲು ಕಫನ್ ಕೇಳಿದರು. ಹಮೀದಾ ತನ್ನ ಕಫನಿನ ಬಟ್ಟೆಯನ್ನು ತಾನೇ ಕೊಂಡು, ಮಡಿಕೆ ಮಡಿಕೆಗೂ ಬಜೆ ಬೇರು, ಲಕ್ಕಿ ಎಲೆ ಇಟ್ಟು, ಅಟ್ಟದ ಕೆಳಗಿನ ಟ್ರಂಕಿನಲ್ಲಿ ಎಷ್ಟೋ ವರ್ಷದಿಂದ ಜೋಪಾನ ಮಾಡಿದ್ದಳು. ಮುಸರ್ರತ್ ಏಳುವುದರೊಳಗೆ ಶಾಜಿಯಾ ಹೋಗಿ ಟ್ರಂಕು ತೆಗೆದಿದ್ದಳು.

"ಭಾಭೀ."

ಆ ಒಂದು ಕರೆಯಲ್ಲೇ ಮುಸರ್ರತ್‌ಗೆ ಎಲ್ಲ ತಿಳಿಯಿತು. ಶಾಜಿಯಾಳ ಒಂದು ಕೈಯಲ್ಲಿ ಬಿಳಿ ಬಟ್ಟೆಯಿತ್ತು. ಮಡಿಕೆಯ ಅಂಚಿನಲ್ಲಿ ಹುಳ ತಿಂದ ತೂತುಗಳು. ಇನ್ನೊಂದು ಕೈಯಲ್ಲಿ ಸ್ಪ್ರೇ ಡಬ್ಬಿ. ಮುಚ್ಚಳದ ಪ್ಲಾಸ್ಟಿಕ್ಕು ಕೂಡ ಹರಿದಿರದ ಹಳೇ ಡಬ್ಬಿ.

"ಕಫನಿನ ಅಡಿ ಇತ್ತು. ಅಮ್ಮಿ ಇಟ್ಟಿದ್ದಲ್ಲ ಇದು."

ಹೆಂಗಸರೆಲ್ಲ ಮುಸರ್ರತ್‌ಳನ್ನು ನೋಡಿದರು. ಬಾಗಿಲಲ್ಲಿ ನಿಂತ ಉಮೇರ್, "ಓಹೋ! ನಾನು ತಂದ್ರೆ ತಪ್ಪು," ಎಂದು ಹೊರಗೆ ಹೋದ.

*

ಆ ಡಬ್ಬಿ ಮುಸರ್ರತ್ ತಂದದ್ದೇ. ಅವಳ ತಾಯಿ ಊಟಕ್ಕೆ ಬಂದ ದಿನ ತೊಲೆಯಿಂದ ಜಿರಳೆಯೊಂದು ಜಾರಿ ನೇರ ಬಿರಿಯಾನಿಯ ತಟ್ಟೆಗೆ ಬಿದ್ದಿತ್ತು. ತಾಯಿ ಕೈ ತೊಳೆದು ಎದ್ದರು. ಏನೂ ಅನ್ನಲಿಲ್ಲ. ಅನ್ನದೆ ಹೋದದ್ದೇ ಮುಸರ್ರತ್‌ಳ ಕರುಳಿಗೆ ಚುಚ್ಚಿತು. ಅಂದೇ ಸಂಜೆ ಅಂಗಡಿಗೆ ಹೋಗಿ ಡಬ್ಬಿ ತಂದು ಅತ್ತೆಯ ಮುಂದೆ ಕುಕ್ಕಿದಳು.

"ನೀವು ಕಣ್ಣು ಮುಚ್ಚಿದ ದಿನವೇ ಮನೆಗೆಲ್ಲ ಹೊಡೀತೀನಿ. ನೋಡ್ತಾ ಇರಿ."

"ಕಣ್ಣು ಮುಚ್ಚಿದ ಮೇಲೆ ಹೆಂಗಮ್ಮಾ ನೋಡ್ಲಿ?" ಹಮೀದಾ ಬಜೆ ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ. "ಹೊಡ್ಕೊ. ಆಂಜಿನಮ್ಮನ ಮನೇಲಿ ಹುಳ ಇಲ್ಲದ ದಿನ ನೋಡ್ಕೊಂಡು ಹೊಡ್ಕೊ."

ಆಂಜಿನಮ್ಮನ ಮನೆಯಲ್ಲಿ ಹುಳ ಇಲ್ಲದ ದಿನ! ಒಂದು ಬೆಳೆಯ ಗೂಡು ಸಂತೆಗೆ ಹೋಗುವ ಹೊತ್ತಿಗೆ ಮುಂದಿನ ಬೆಳೆಯ ಮರಿಹುಳ ಬಂದಿರುತ್ತಿದ್ದವು. ಮುಸರ್ರತ್ ಹಲ್ಲು ಕಡಿದು, ಯಾರೂ ಮುಟ್ಟದ ಜಾಗವೆಂದು ಕಫನಿನ ಅಡಿಗೇ ಡಬ್ಬಿ ತುರುಕಿದಳು. ಹೇಗಿದ್ದರೂ ಎರಡೂ ಒಂದೇ ದಿನಕ್ಕೆ ಹೊರಗೆ ಬರಬೇಕಾದವು.

*

"ಒಂದೆರಡು ತೂತು. ಮಣ್ಣಿಗೆ ಹೋಗೋ ಬಟ್ಟೆ, ಪರವಾಗಿಲ್ಲಮ್ಮಾ," ಎಂದಳು ಸ್ನಾನ ಮಾಡಿಸುವ ಮುದುಕಿ. ಮುಸರ್ರತ್ ಬಟ್ಟೆಯನ್ನು ಒದರಿ, ಒಣ ಎಲೆಯ ಪುಡಿ ಉದುರಿಸಿ, ತೂತಿನ ಅಂಚು ಒಳಗೆ ಬರುವ ಹಾಗೆ ಮಡಿಸಿ ಕೊಟ್ಟಳು. ಇಷ್ಟು ವರ್ಷದ ಸೊಪ್ಪು, ಬೇರು, ಕುಟ್ಟಾಣಿ. ಕೊನೆಗೆ ಅತ್ತೆಗೆ ತನ್ನ ಮೈಮೇಲಿನ ಒಂದು ಬಟ್ಟೆಯನ್ನೂ ಕಾಯಲಾಗಲಿಲ್ಲವಲ್ಲ ಎಂದು ಅವಳಿಗೆ ಸಂಕಟವಾಯಿತು. ಸಂಕಟಕ್ಕಿಂತ ಹೆಚ್ಚಾಗಿ ಕೋಪ ಬಂತು. ಕೋಪ ಯಾರ ಮೇಲೆ ತೀರಿಸಿಕೊಳ್ಳಬೇಕೋ ಅವಳು ಮೈಗೆ ಕರ್ಪೂರ ಬಳಿಸಿಕೊಂಡು ತಣ್ಣಗೆ ಮಲಗಿದ್ದಳು.

ಇಳಿಬಿಸಿಲಿನ ಅಸರ್ ನಮಾಜಿನ ಹೊತ್ತಿಗೆ ಆತಿಫ್, ಉಮೇರ್ ಮುಂದಾಗಿ ಗಂಡಸರು ಹೆಗಲು ಕೊಟ್ಟು ಜನಾಜಾ ಎತ್ತಿದರು. ಹೆಂಗಸರು ಬಾಗಿಲವರೆಗೆ ಬಂದು ನಿಂತರು.

ಸಂಜೆಗೆ ಮನೆ ಖಾಲಿಯಾಯಿತು. ಶಾಜಿಯಾ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಮಂಚವನ್ನು ತೊಳೆದು ಹೊರಗೆ ನಿಲ್ಲಿಸಿದ್ದರು. ಅದು ಇದ್ದ ಜಾಗದಲ್ಲಿ ನಾಲ್ಕು ಬಟ್ಟಲುಗಳು ನಾಲ್ಕು ಮೂಲೆಗೆ ಹಾಗೇ ಉಳಿದಿದ್ದವು. ಮುಸರ್ರತ್ ತನ್ನ ಡಬ್ಬಿಯನ್ನು ಕೈಗೆತ್ತಿಕೊಂಡಳು. ಹೇಳಿದ ದಿನ ಬಂದಿತ್ತು, ತಡೆಯುವವಳು ಇರಲಿಲ್ಲ. ತೊಲೆಯ ಮೇಲೆ ಜಿರಳೆಯೊಂದು ಮೀಸೆಯಾಡಿಸುತ್ತ ಕೂತಿತ್ತು. ಅವಳು ಡಬ್ಬಿಯನ್ನು ಅಲುಗಾಡಿಸಿದಳು, ಒಳಗೆ ತುಂಬಿದ ಔಷಧಿ ಕುಲುಕಿತು. ಬಿಸಾಡುವ ಮನಸ್ಸೂ ಆಗಲಿಲ್ಲ. ಖಾಲಿ ಟ್ರಂಕಿನೊಳಗೆ ಹಾಕಿ ದಡ್ಡನೆ ಮುಚ್ಚಿ, ಬಟ್ಟಲುಗಳ ನೀರು ಚೆಲ್ಲಿ, ಒಂದರ ಮೇಲೊಂದಿಟ್ಟು ಎದೆಗವಚಿಕೊಂಡು ಪಕ್ಕದ ಮನೆಗೆ ಹೋದಳು.

ಆಂಜಿನಮ್ಮ ಬಲ್ಬಿನ ಕೆಳಗೆ ತಟ್ಟೆಗಳ ಸ್ಟ್ಯಾಂಡಿನ ಮುಂದೆ ಬಾಗಿ ಏನನ್ನೋ ಹೆಕ್ಕುತ್ತಿದ್ದಳು. ಗೋಡೆಗೆ ಒರಗಿಸಿದ ಚಂದ್ರಿಕೆಗಳಲ್ಲಿ ಹುಳಗಳು ತಲೆ ತೂಗುತ್ತ ನೂಲು ಸುತ್ತುತ್ತಿದ್ದವು. ಹೊಗೆ ಅವಕ್ಕೆ ತಟ್ಟಿರಲಿಲ್ಲ. ಮುಸರ್ರತ್ ಉಸಿರು ಬಿಟ್ಟಳು. ಆಮೇಲೆ ಅವಳ ಕಣ್ಣು ಕೆಳಗಿಳಿಯಿತು.

ಸ್ಟ್ಯಾಂಡಿನ ನಾಲ್ಕೂ ಕಾಲುಗಳು ಬರೀ ನೆಲದ ಮೇಲಿದ್ದವು. ಒಂದೊಂದು ಕಾಲಿನ ಸುತ್ತ, ಬಟ್ಟಲು ಇರುತ್ತಿದ್ದ ಕಡೆ, ಹಳದಿ ಪುಡಿಯ ಗೆರೆ. ಇರುವೆಗಳು ಆ ಗೆರೆಯ ಮೇಲೇ ದಾರಿ ಮಾಡಿಕೊಂಡು ಹತ್ತಿ ಹೋಗಿದ್ದವು. ಕೆಳಗಿನ ತಟ್ಟೆಯ ತುಂಬ ಕಪ್ಪಗೆ ಇರುವೆ. ಹುಳ ಒಂದೂ ಅಲುಗುತ್ತಿರಲಿಲ್ಲ.

"ಇದರ ಕಾಲಡಿಯಿಂದಲೇ ತಂದಿದ್ರಾ ಬಟ್ಟಲು?"

"ಹೂಂ ಕಣಮ್ಮ. ಒಂದ್ ತಟ್ಟೆ ಹೋಯ್ತು. ಮೇಲಿಂದು ಚೆನ್ನಾಗವೆ."

"ಯಾಕೆ ಹೇಳಲಿಲ್ಲ? ಬೇರೆ ಏನಾದ್ರೂ ಇಡ್ತಿರಲಿಲ್ವಾ ನಾನು?"

"ಆ ಹೊತ್ನಲ್ಲಿ ಏನಂತ ಹೇಳ್ಲಮ್ಮ? ಹಮೀದಕ್ಕ ಕೊಟ್ಟಿದ್ ಪುಡಿ ಇತ್ತು, ಅರಿಶಿನ, ಬಜೆ. ತಡೀತದೆ ಅಂದ್ಕಂಡೆ."

"ಯಾವತ್ತು ತಡೆದಿದೆ ಅದು?" ಮುಸರ್ರತ್ ಕೂಗಿದಳು. "ಬಂದಾಗಿಂದ ಬಡ್ಕೊಂಡೆ, ತಡೆಯಲ್ಲ ಅಮ್ಮಿ, ತಡೆಯಲ್ಲ ಅಂತ! ಒಂದ್ ದಿನ ಕೇಳಿದ್ರಾ? ಒಂದ್ ದಿನ?" ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ಬಟ್ಟಲುಗಳನ್ನು ಎದೆಗೊತ್ತಿಕೊಂಡೇ, ಮಗುವಿನ ಹಾಗೆ ಬಾಯಿ ತೆರೆದು ಅತ್ತಳು.

ಅತ್ತು ಸಾಕಾದ ಮೇಲೆ ಮುಸರ್ರತ್ ದುಪಟ್ಟಾದಿಂದ ಮೂಗೊರೆಸಿಕೊಂಡು ನೆಲಕ್ಕೆ ಕೂತಳು.

"ಎತ್ತಿ ಅಕ್ಕ."

ಆಂಜಿನಮ್ಮ ಸ್ಟ್ಯಾಂಡಿಗೆ ಹೆಗಲು ಕೊಟ್ಟು ಒಂದು ಮೂಲೆ ಎತ್ತಿದಳು. ಮುಸರ್ರತ್ ಬಟ್ಟಲು ಸರಿಸಿದಳು. ಹಾಗೇ ಇನ್ನೊಂದು, ಮತ್ತೊಂದು. ನಾಲ್ಕಕ್ಕೂ ನೀರು ಸುರಿದು ಮುಗಿಸುವಾಗ ಮೇಲಿನಿಂದ ಒಂದು ಇರುವೆ ಕಾಲಿನಗುಂಟ ಇಳಿದು ಬಂತು. ನೀರಿನ ಅಂಚಿಗೆ ಬಂದು ನಿಂತು, ಅತ್ತ ಇತ್ತ ನೋಡಿ, ಬಂದ ದಾರಿಯಲ್ಲೇ ಮೇಲೇರತೊಡಗಿತು. ಮುಸರ್ರತ್ ಅದನ್ನು ಬೆರಳಲ್ಲಿ ಒರೆಸಿ ತೆಗೆದಳು. ಬೆರಳ ತುದಿ ಹಳದಿಯಾಗಿ, ಬಜೆಯ ವಾಸನೆ ಹೊಡೆಯಿತು.