ಗಾಣದ ಓಣಿಯ ಕಡೇ ಟ್ರಿಪ್ಪು

ರೇವಣಪ್ಪನ ತಲೆ ಮತ್ತೊಮ್ಮೆ ಎಡಕ್ಕೆ ವಾಲಿದಾಗ ಸೋಮನಿಂಗ ಕೈಯಲ್ಲಿದ್ದ ಬಿದಿರು ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಇನ್ನೊಂದು ಅರಿವಿ ಕೊಡ್ರೆಪಾ. ಈ ಮನಷ್ಯಾ ನೆಟ್ಟಗ ಕುಂಡ್ರವಲ್ಲ."

"ನೆಟ್ಟಗ ನಿಂತಿದ್ದರ ಅಲ್ಲೇನ್ರಿ ನೆಟ್ಟಗ ಕುಂಡ್ರೂದು," ಅಂದ ಬಾಳೆಕಂಬ ಕಟ್ಟುತ್ತಿದ್ದ ಇಜಾಜ. "ಟಿಕೀಟಿನ ಚೀಲ ಹೊತ್ತು ಹೊತ್ತು ವಾಲಿದ ಹೆಗಲದು. ಸತ್ತ ಕೂಡ್ಲೆ ಸರಳ ಆಗತೇತೇನು?"

ಇಬ್ಬರೂ ಸೇರಿ ಬಿಳಿ ಬಟ್ಟೆಯನ್ನು ಗದ್ದದ ಕೆಳಗಿನಿಂದ ತಂದು ವಿಮಾನದ ಹಿಂಬದಿಯ ಕೋಲಿಗೆ ಬಿಗಿದರು. ರೇವಣಪ್ಪನ ಪೈಕಿಯವರು ಲಿಂಗಾಯತರು, ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ವಿಮಾನದಲ್ಲಿ ಕೂರಿಸಿ ಹೆಗಲ ಮೇಲೆ ಒಯ್ಯುತ್ತಾರೆ, ಕುಣಿಯಲ್ಲೂ ಕೂರಿಸಿಯೇ ಮಣ್ಣು ಕೊಡುತ್ತಾರೆ. ಮೂವತ್ತು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರನಾಗಿ ನಿಂತೇ ಊರೂರು ತಿರುಗಿದ ರೇವಣಪ್ಪನಿಗೆ ಕಡೆಗೂ ಸೀಟು ಸಿಕ್ಕಿತ್ತು. ಕಿಟಕಿ ಪಕ್ಕದ ಸೀಟೇ. ನಾಲ್ಕೂ ಕಡೆ ಕಿಟಕಿ.

ಬಾಗಿಲಲ್ಲಿ ಅವನ ಹೆಂಡತಿ ಸಿದ್ದಲಿಂಗವ್ವ ತನ್ನ ಗಾಲಿಕುರ್ಚಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ಮುದ್ದೇಬಿಹಾಳಕ್ಕೆ ಕೊಟ್ಟಿದ್ದ ಮಗಳು ರೇಣುಕಾ ಪಕ್ಕದಲ್ಲಿ ಬಗ್ಗಿ ನಿಂತಿದ್ದಳು.

"ಯವ್ವಾ, ನೀ ಇಲ್ಲೇ ಕೈಮುಗಿ. ನಾವು ಮಣ್ಣು ಕೊಟ್ಟು ಬರ್ತೇವಿ."

"ನಾನೂ ಬರ್ತೇನಿ."

"ಹೆಂಗ ಬರ್ತಿ?"

ಸಿದ್ದಲಿಂಗವ್ವ ಓಣಿಯ ಬಾಯಿಯ ಕಡೆ ನೋಡಿದಳು. ಅಲ್ಲಿದ್ದವರೂ ಅತ್ತ ನೋಡಿ, ತಟ್ಟನೆ ಬೇರೆ ಕಡೆ ನೋಡಿದರು. ಸಿಂದಗಿಯ ಗಾಣದ ಓಣಿಯಿಂದ ಬಜಾರಿಗೆ ಹೊರಬೀಳುವ ದಾರಿ ಅದೊಂದೇ. ಆ ಮೂಲೆಯಲ್ಲಿ ಅಮೀನುದ್ದೀನನ ಮನೆ. ಮನೆಯ ಮುಂದೆ ಓಣಿಯ ಅರ್ಧಕ್ಕೆ ಬಂದ ಫರಸಿಕಲ್ಲಿನ ಪಾವಟಿಗೆ, ಎತ್ತರದ ಮೆಟ್ಟಿಲುಕಟ್ಟೆ. ಅದರೆದುರು ತೆರೆದ ಗಟಾರ. ಎರಡರ ನಡುವೆ ಮನುಷ್ಯ ನಡೆಯಬಹುದು, ಸೈಕಲ್ಲು ಇಳಿದು ದಬ್ಬಿಕೊಂಡು ಹೋಗಬಹುದು. ಗಾಲಿಕುರ್ಚಿ ಹಿಡಿಯುವುದಿಲ್ಲ.

"ನಾಕ ಮಂದಿ ಎತಗೊಂಡು ದಾಟಸ್ತೇವಿ ಬಿಡ್ರಿ, ಅದರಾಗೇನೈತಿ," ಅಂದ ಸೋಮನಿಂಗ. ಮದುವೆಯಿರಲಿ, ಮಣ್ಣಿರಲಿ, ಓಣಿಯ ಯಜಮಾನಿಕೆ ಅವನದೇ.

"ನಾ ಜ್ವಾಳದ ಚೀಲ ಅಲ್ಲಪಾ," ಅಂದಳು ಸಿದ್ದಲಿಂಗವ್ವ. "ದವಾಖಾನಿಗೆ ಒಯ್ಯೂಮುಂದ ಎತ್ತೀರಿ. ಎತ್ತಿದವರ ಕೈ ಎಲ್ಲೆಲ್ಲಿ ಹತ್ತತಾವ ಅಂತ ಎತ್ತಿಸಿಕೊಂಡಾಕಿಗೆ ಗೊತ್ತು. ಇವತ್ತ ಅವರ ಮುಂದ ನನ್ನ ಹಂಗ ಎತ್ತಬ್ಯಾಡ್ರಿ. ಬಜಾರಕ್ಕ ಗಾಲಿ ಮ್ಯಾಲೆ ಒಯ್ತೇನಿ ಅಂದಿದ್ರು. ಗಾಲಿ ಮ್ಯಾಲೆನ ಬರ್ತೇನಿ."

ಸೋಮನಿಂಗ ಮತ್ತೆ ಬಿದಿರು ಹಿಡಿದ. ಬೇವಿನ ಗಿಡದ ಕೆಳಗೆ ಒಬ್ಬನೇ ನಿಂತಿದ್ದ ಅಮೀನುದ್ದೀನ ಈ ಮಾತು ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಅವನು ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದ. ಯಾರೂ ಬಾ ಅಂದಿರಲಿಲ್ಲ, ಹೋಗು ಅಂತಲೂ ಅಂದಿರಲಿಲ್ಲ.

*

ಮೆಣಸಿನಕಾಯಿ ಹರವಲು ಮಾಳಿಗೆ ಹತ್ತಿದ ಸಿದ್ದಲಿಂಗವ್ವ ಬಿದ್ದು ಬೆನ್ನು ಮುರಿದುಕೊಂಡದ್ದು ರೇವಣಪ್ಪ ನೌಕರಿಯಿಂದ ಬಿಡುಗಡೆಯಾಗುವ ವರ್ಷ. ಬಿಜಾಪುರದಿಂದ ಗಾಲಿಕುರ್ಚಿ ತಂದವನು ಮೊದಲು ಮಾಡಿದ ಕೆಲಸವೆಂದರೆ ಅದರ ತೋಳಿಗೆ ಒಂದು ಸೈಕಲ್ ಗಂಟೆ ಬಿಗಿದದ್ದು.

"ನೋಡ, ಒಂದ ಸಲ ಹೊಡದ್ರ ನಿಲ್ಲಬೇಕು. ಎರಡ ಸಲ ಹೊಡದ್ರ ನಡೀಬೇಕು. ಇನ್ನ ಮ್ಯಾಲೆ ನೀ ಕಂಡಕ್ಟರು, ನಾ ಡ್ರೈವರು."

"ನಿಮಗ ಲೈಸೆನ್ಸ್ ಐತೇನು?"

"ನಿನ್ನ ಕಟಗೊಂಡಾಗಿಂದ ಲರ್ನಿಂಗ್ ಮ್ಯಾಲೆ ನಡಸೇನಿ."

ಅವನ ಬಸ್ಸಿನಲ್ಲೂ ಅದೇ ಪದ್ಧತಿ. ಹಗ್ಗ ಒಮ್ಮೆ ಜಗ್ಗಿದರೆ ನಿಲ್ಲು, ಎರಡು ಸಲ ಜಗ್ಗಿದರೆ ನಡಿ. ಆ ಗಂಟೆ ಕೇಳಿ ಬ್ರೇಕು ತುಳಿಯುತ್ತಿದ್ದವನು ಡ್ರೈವರ್ ಅಮೀನುದ್ದೀನ. ಸಿಂದಗಿಯಿಂದ ಮುದ್ದೇಬಿಹಾಳ, ಬಾಗೇವಾಡಿ, ಒಮ್ಮೊಮ್ಮೆ ಇಂಡಿ; ಇಬ್ಬರದೂ ಒಂದೇ ಗಾಡಿ, ಒಂದೇ ಬುತ್ತಿ, ಊರಿಗೆ ಬಂದರೆ ಒಂದೇ ಓಣಿ. ರೇವಣಪ್ಪನಿಗೆ ಸಿಗದ ದನಿಯೇ ಇರಲಿಲ್ಲ. ನಾಲತವಾಡದ ಸಂತೆಗೆ ಹೊರಟ ಮುದುಕಿ, ಅವಳ ಬಗಲಲ್ಲಿ ಅರ್ಧ ಟಿಕೀಟು ಕೇಳುವ ಆಡು, ಡೀಸೆಲ್ ಮುಗಿಯುವ ಹೊತ್ತಿಗೆ ಬಸ್ಸು ಕೆಮ್ಮುವ ಕೆಮ್ಮು, ಎಲ್ಲವನ್ನೂ ಬಾಯಲ್ಲೇ ತೆಗೆಯುತ್ತಿದ್ದ. ಹಿಂದಿನಿಂದ ಆಡಿನ ದನಿ ಕೇಳಿ ಅಮೀನುದ್ದೀನ ಎಷ್ಟೋ ಸಲ ಗಾಡಿ ನಿಲ್ಲಿಸಿ, ಹಿಂದೆ ಬಂದು ಹುಡುಕಿ, ಬೈದು ಹೋಗಿದ್ದ.

ಓಣಿಯ ಸಂಕಟ ಬೇರೆ. ರಸ್ತೆ ಮಾಡಲು ಬಂದವರು ಹಳೆಯದನ್ನು ಅಗೆಯದೆ ಅದರ ಮೇಲೇ ಸಿಮೆಂಟು ಸುರಿದು ಹೋಗುತ್ತಿದ್ದರು. ಪ್ರತಿ ಸಲವೂ ರಸ್ತೆ ಗೇಣಷ್ಟು ಬೆಳೆಯುತ್ತಿತ್ತು, ಮನೆಗಳು ಅಷ್ಟೇ ಕುಳ್ಳಾಗುತ್ತಿದ್ದವು. ಮಳೆನೀರು ಒಳಗೆ ಬಂತೆಂದು ಬಾಗಿಲ ಮುಂದೆ ಪಾವಟಿಗೆ ಕಟ್ಟಿದವರಲ್ಲಿ ಮೊದಲಿಗನು ರೇವಣಪ್ಪನೇ. ಅವನ ಪಾವಟಿಗೆಗೆ ಬಡಿದ ನೀರು ಪಕ್ಕದ ಮನೆಗೆ ಹೋಯಿತು. ಪಕ್ಕದವರು ಅವನಿಗಿಂತ ಎತ್ತರ ಕಟ್ಟಿದರು. ಅವರ ನೀರು ಅದರ ಪಕ್ಕಕ್ಕೆ. ಹೀಗೆ ನೀರಿಗೆ ಹೆದರಿ ಎಲ್ಲರೂ ಓಣಿಯೊಳಗೆ ಕಾಲು ಚಾಚಿದರು. ಓಣಿ ಕಾಲು ಮಡಚಿಕೊಂಡಿತು.

ಕುರ್ಚಿ ದಬ್ಬತೊಡಗಿದ ಮೇಲೆ ರೇವಣಪ್ಪನಿಗೆ ನೆಲ ಕಾಣತೊಡಗಿತು. ಮೊದಲು ತನ್ನ ಪಾವಟಿಗೆ ಒಡೆದ. ಹೊಸ್ತಿಲನ್ನು ಒಳಗಿನಿಂದ ಏರಿಸಿ, ಅದಕ್ಕೆ ಇಳಿಜಾರು ಮಾಡಿದ. ಆಮೇಲೆ ಮನೆಮನೆಗೆ ಹೋಗಿ ಗಂಟುಬಿದ್ದ. "ಏರಸೂದು ಒಳಗ ಏರಸ್ರಿ. ನೀರೂ ಬರಂಗಿಲ್ಲ, ದಾರೀನೂ ಉಳೀತೈತಿ. ಇವತ್ತ ನನ್ನಾಕಿ, ನಾಳಿ ನಿಮ್ಮ ಮೊಣಕಾಲು." ಕೆಲವರು ನಕ್ಕರು, ಕೆಲವರು ಬೈದರು. ಕಡೆಗೆ ಅವನ ಕಾಟಕ್ಕೆ ಬೇಸತ್ತು ಒಬ್ಬೊಬ್ಬರೇ ಗಾಲಿ ಹಿಡಿಯುವಷ್ಟು ಒಡೆದರು. ಸೋಮನಿಂಗನಂತೂ, "ಇವನ ಬಾಯಿಗಿಂತ ಹಾರಿ ಪಾಡ," ಎಂದು ತಾನೇ ಒಡೆದ. ಉಳಿದದ್ದು ಮೂಲೆಯ ಪಾವಟಿಗೆ.

ಒಂದು ದಿನ ರೇವಣಪ್ಪ ತಾನೇ ಕುರ್ಚಿಯಲ್ಲಿ ಕುಳಿತ. ದಬ್ಬಲು ಅಮೀನುದ್ದೀನನನ್ನೇ ಕರೆದ. ಓಣಿಯೆಲ್ಲ ತಮಾಷೆ ನೋಡಲು ನೆರೆಯಿತು. ಬಸ್‌ ನಿಲ್ದಾಣದ ಮೈಕಿನ ದನಿ ಅವನ ಬಾಯಿಂದ ಹೊರಟಿತು.

"ಪ್ರಯಾಣಿಕರ ಗಮನಕ್ಕೆ. ಗಾಣದ ಓಣಿಯಿಂದ ಬಜಾರಕ್ಕೆ ಹೋಗುವ ವಾಹನವು ಅಂಕಣ ಒಂದರಲ್ಲಿ ನಿಂತಿದೆ. ನಿಂತೇ ಇದೆ."

ನಗು. ಸೋಮನಿಂಗನ ಮನೆಯ ಮುಂದೆ, "ಕನ್ನೊಳ್ಳಿ, ಕನ್ನೊಳ್ಳಿ ಇಳಿಯವರು ಇಳೀರಿ." ಇಜಾಜನ ಮನೆಯ ಮುಂದೆ, "ಮುಳವಾಡ ಬಂತ್ರಿ." ಕುರ್ಚಿ ಕುಲುಕುತ್ತ ಮೂಲೆಗೆ ಬಂದು ಪಾವಟಿಗೆಗೆ ಬಡಿದು ನಿಂತಿತು.

"ಮುಂದ ರಸ್ತಾ ಬಂದ್ ಐತ್ರಿ. ಡ್ರೈವರ್ ಸಾಹೇಬ್ರು ತಮ್ಮ ಮನಿ ಮುಂದ ಡ್ಯಾಂ ಕಟ್ಯಾರ."

"ಒಡದ್ರ ನೀರ ನಮ್ಮಾಕಿ ಸೈದಾಬಿ ಅಡಿಗಿಮನಿಗೆ ಬರ್ತಾವಲೇ ರೇವಣ್ಯಾ," ಅಂದ ಅಮೀನುದ್ದೀನ, ಮೆಲ್ಲಗೆ. "ಇದನ್ನ ಕಟ್ಟೂ ಮೊದಲ ಮಳಿಗಾಲದಾಗ ಹಿಟ್ಟಿನ ಡಬ್ಬಿ ತೇಲಿತ್ತು. ನೀನ ಬಂದು ನೀರ ಬಳದಿದ್ದಿ."

ರೇವಣಪ್ಪ ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಸುತ್ತಲಿನ ನಗು ಇನ್ನೂ ಆರಿರಲಿಲ್ಲ. ಅಮೀನುದ್ದೀನ ನಶ್ಯ ಸೇದುವವನು. ಮಾತು ಮೂಗಿನಿಂದ ಬರುತ್ತಿತ್ತು. ರೇವಣಪ್ಪ ಮೂಗು ಹಿಡಿದು ಅದೇ ದನಿ ತೆಗೆದ. "ನನ್ನ ಮನಿ, ನನ್ನ ಪಾವಟಿಗಿ, ನನ್ನ ಹಿಟ್ಟಿನ ಡಬ್ಬಿ. ನಿನ್ನ ಹೆಣ್ತಿ ಹಾಳಾಗಿ ಹೋಗ್ಲಿ."

ಕಡೆಯ ಮಾತು ಅಮೀನುದ್ದೀನ ಆಡಿರಲೇ ಇಲ್ಲ. ಅದೂ ಅವನದೇ ದನಿಯಲ್ಲಿ ಬಂದಿತ್ತು. ಓಣಿ ನಕ್ಕಿತು. ಅವನು ಕುರ್ಚಿಯ ಹಿಡಿಕೆ ಬಿಟ್ಟ. ತನ್ನ ಪಾವಟಿಗೆ ಹತ್ತಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡ. ಸಂಜೆ ರೇವಣಪ್ಪ ಹೋಗಿ ಬಾಗಿಲು ತಟ್ಟಿದ. ತನ್ನದೇ ದನಿಯಲ್ಲಿ ಕರೆದ. ತೆರೆಯಲಿಲ್ಲ.

ಅದಾದ ಮೇಲೆ ಇಬ್ಬರ ನಡುವೆ ಮಾತು ನಿಂತುಹೋಯಿತು. ಸೈದಾಬಿ ಮಾತ್ರ ಸೆರಗಿನಲ್ಲಿ ಬಟ್ಟಲು ಮುಚ್ಚಿಕೊಂಡು ಸಿದ್ದಲಿಂಗವ್ವನ ಮನೆಗೆ ಬಂದುಹೋಗುತ್ತಿದ್ದಳು. ರೇವಣಪ್ಪ ದಿನಾ ಸಂಜೆ ಕುರ್ಚಿಯನ್ನು ಮೂಲೆಯವರೆಗೆ ದಬ್ಬಿ ನಿಲ್ಲಿಸುತ್ತಿದ್ದ. ಅಲ್ಲಿಂದ ಬಜಾರಿನ ಬಳೆ ಅಂಗಡಿಯ ಒಂದು ತುದಿ ಕಾಣುತ್ತಿತ್ತು. ಸಿದ್ದಲಿಂಗವ್ವ ಅದನ್ನು ನೋಡಿ, ಎರಡು ಸಲ ಗಂಟೆ ಹೊಡೆದು, ಮನೆಗೆ ಮರಳುತ್ತಿದ್ದಳು.

*

"ಹರಹರ ಮಹಾದೇವ" ಎಂದು ವಿಮಾನ ಎತ್ತಿದರು. ಮುಂಗೋಲಿನ ಎಡಬದಿಗೆ ಹೆಗಲು ಕೊಡಬೇಕಿದ್ದವನು ತಡವರಿಸುತ್ತಿರುವಾಗ ಅಮೀನುದ್ದೀನ ಬೇವಿನ ನೆರಳಿನಿಂದ ಬಂದು ಬಿದಿರಿನ ಕೆಳಗೆ ಹೆಗಲಿಟ್ಟ. ಸೋಮನಿಂಗ ಅವನ ಮುಖ ನೋಡಿದ; ಪಕ್ಕಕ್ಕೆ ಸರಿದ. ಭಜನೆಯ ತಾಳ ಶುರುವಾಯಿತು.

ಮೂಲೆ ಬಂತು. ಹೊತ್ತವರು ಒಬ್ಬರ ಹಿಂದೆ ಒಬ್ಬರು ಪಾವಟಿಗೆ ಹತ್ತಿ ಇಳಿದರೆ ಮುಗಿಯಿತು. ಹೆಗಲ ಮೇಲಿರುವವನಿಗೆ ಪಾವಟಿಗೆಯೂ ಇಲ್ಲ, ಗಟಾರವೂ ಇಲ್ಲ. ಅಮೀನುದ್ದೀನ ತನ್ನ ಪಾವಟಿಗೆಯ ಮೇಲೆ ಒಂದು ಕಾಲಿಟ್ಟ.

ಹಿಂದಿನಿಂದ ಗಂಟೆ ಬಡಿಯಿತು. ಒಂದೇ ಸಲ.

ಅಮೀನುದ್ದೀನನ ಕಾಲು ಇದ್ದಲ್ಲೇ ನಿಂತಿತು. ಹಿಂದೆ ಹೊತ್ತಿದ್ದವರು ಮುಂದಿನವರ ಬೆನ್ನಿಗೆ ಬಂದು ಬಡಿದರು. ವಿಮಾನ ತೂಗಾಡಿತು. ತಾಳ ತಪ್ಪಿತು.

"ಯಾಕ ನಿಂತಿ?" ಸೋಮನಿಂಗ ಓಡಿ ಬಂದ. "ಎತ್ತಿದ ವಿಮಾನ ನಡುದಾರ್ಯಾಗ ನಿಲ್ಲಸಬಾರದು. ಇಷ್ಟೂ ಗೊತ್ತಿಲ್ಲೇನು?"

"ಗಂಟಿ ಆತು," ಅಂದ ಅಮೀನುದ್ದೀನ.

"ಏನ್ ಗಂಟಿ?"

"ಮಂದಿ ಉಳದಾರ. ಹತ್ತೂತನಾ ಗಾಡಿ ಬಿಡಂಗಿಲ್ಲ."

ಎಲ್ಲರೂ ಹಿಂತಿರುಗಿದರು. ರೇಣುಕಾ ತಾಯಿಯ ಕುರ್ಚಿಯನ್ನು ದಬ್ಬಿಕೊಂಡು ಮೂಲೆಯವರೆಗೆ ಬಂದಿದ್ದಳು. ಸಿದ್ದಲಿಂಗವ್ವನ ಹೆಬ್ಬೆರಳು ಇನ್ನೂ ಗಂಟೆಯ ಮೇಲಿತ್ತು.

"ಇಳಸಾಕಂತೂ ಬರಂಗಿಲ್ಲ ಮತ್ತ," ಅಂದ ಸೋಮನಿಂಗ, ಭಜನೆ ಹೇಳಿಸುತ್ತಿದ್ದ ಮಠದ ಅಯ್ಯನವರ ಮುಖ ನೋಡುತ್ತ. ಅಯ್ಯನವರು ಕಣ್ಣು ಮುಚ್ಚಿಕೊಂಡು ಭಜನೆ ಮುಂದುವರಿಸಿದರು.

"ಇಳಸಬ್ಯಾಡ್ರಿ. ನಿಂದರ್ರಿ," ಎಂದು ಅಮೀನುದ್ದೀನ ಸೋಮನಿಂಗನ ಹೆಗಲನ್ನು ತನ್ನ ಜಾಗಕ್ಕೆ ಎಳೆದುಕೊಟ್ಟು ಕೋಲಿನಡಿಯಿಂದ ಹೊರಬಂದ.

ಕುಣಿ ತೋಡಿ ಬಂದವರ ಹಾರೆ ಗೋಡೆಗೆ ಒರಗಿತ್ತು. ತುದಿಗೆ ಕರಿಮಣ್ಣು ಹತ್ತಿತ್ತು. ಅದನ್ನು ಎತ್ತಿಕೊಂಡು ಅವನು ಪಾವಟಿಗೆಯ ಮುಂದೆ ನಿಂತ. ಬಾಗಿಲಲ್ಲಿ ಸೈದಾಬಿ ನಿಂತಿದ್ದಳು. ಗಂಡ ಹೆಂಡತಿಯನ್ನು ನೋಡಿದ. ಅವಳು ತಿರುಗಿ ಒಳಗೆ ಹೋದಳು. ಒಳಗೆ ಏನೋ ಎಳೆದ ಸದ್ದು, ತಗಡಿನ ಸದ್ದು. ಕೈ ಒರೆಸಿಕೊಳ್ಳುತ್ತ ಬಂದಳು.

"ಹಿಟ್ಟಿನ ಡಬ್ಬಿ ಮ್ಯಾಲಿಟ್ಟೇನಿ," ಅಂದಳು. "ಒಡೀರಿ."

ಮೊದಲ ಏಟಿಗೆ ಫರಸಿ ಬಿರುಕುಬಿಟ್ಟಿತು. ಇಜಾಜ ಬಂದು ಗುದ್ದಲಿ ಹಿಡಿದ. ಕಲ್ಲು ಎದ್ದಲ್ಲಿ ಇಟ್ಟಿಗೆ, ಇಟ್ಟಿಗೆ ಎದ್ದಲ್ಲಿ ಹಳೆಯ ರಸ್ತೆ. ಹೆಗಲ ಮೇಲೆ ವಿಮಾನ ಹೊತ್ತವರು ಕಾಲಿಂದ ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು.

"ನೋಡ್ರಿ, ಸತ್ತ ಮ್ಯಾಲೂ ನಮ್ಮನ್ನ ಸ್ಟ್ಯಾಂಡಿಂಗಿನ್ಯಾಗ ಹಾಕಿದ," ಅಂತ ಹಿಂಗೋಲಿನಿಂದ ಯಾರೋ ಗೊಣಗಿದರು.

"ಬಾಯಿ ಮುಚ್ಚು, ನಕ್ಕರ ಕೋಲು ಅಳ್ಳಾಡತೇತಿ," ಅಂದ ಸೋಮನಿಂಗ. ಅವನ ಭುಜವೇ ಮೊದಲು ಅಳ್ಳಾಡಿತು.

ಗಾಲಿ ಹಿಡಿಯುವಷ್ಟು ದಾರಿಯಾಯಿತು. ತಗ್ಗಿಗೆ ಪುಡಿ ತುಂಬಿ ಕಾಲಿನಿಂದ ತುಳಿದ ಅಮೀನುದ್ದೀನ ಹಾರೆಯನ್ನು ಗೋಡೆಗೆ ಆನಿಸಿ ಬಂದ. ರೇಣುಕಾ ಹಿಡಿಕೆ ಬಿಟ್ಟುಕೊಟ್ಟಳು.

ಸಿದ್ದಲಿಂಗವ್ವ ತಿರುಗಿ ನೋಡದೆಯೇ ಕೇಳಿದಳು. "ಅವರ ಮ್ಯಾಲಿನ ಸಿಟ್ಟು ಹೋತೇನಣ್ಣ?"

"ಇಲ್ಲ ವೈನಿ. ಹಂಗ ನಕಲಿ ಮಾಡಬಾರದಿತ್ತು."

"ಮಾಡಬಾರದಿತ್ತು," ಅಂದಳು.

ಮುಂದೆ ದಾರಿ ತುಂಬ ಜನ ಕಿಕ್ಕಿರಿದು ನಿಂತಿದ್ದರು. ಅಮೀನುದ್ದೀನ ಗಂಟಲು ಸರಿಮಾಡಿಕೊಂಡ. ಬದುಕಿನಲ್ಲಿ ಒಮ್ಮೆಯೂ ಇನ್ನೊಬ್ಬರ ದನಿ ತೆಗೆಯದವನು, ತನ್ನ ಮೂಗಿನ ದನಿಯನ್ನು ಹೇಗೋ ಎದೆಗಿಳಿಸಿ, ಕೂಗಿದ.

"ಮುಂದ ಸರೀರಿ, ಮುಂದ ಸರೀರಿ. ಬಾಗಲಾಗ ನಿಂದರಬ್ಯಾಡ್ರಿ."

ಅದು ರೇವಣಪ್ಪನ ದನಿಯಂತೆ ಇರಲೇ ಇಲ್ಲ. ಆದರೂ ಜನ ಸರಿದರು; ವಿಮಾನ ಹೊತ್ತವರೂ ಒಡೆದ ಜಾಗ ದಾಟಿ ಆಚೆ ನಿಂತರು. ರೇಣುಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗಾಲಿಗಳು ಪುಡಿಯ ಮೇಲೆ ಹತ್ತಿ, ಕರಕರ ಎಂದು ಇಳಿದು, ಆಚೆ ದಾಟಿದವು. ಅಲ್ಲಿ ಅಮೀನುದ್ದೀನ ಕುರ್ಚಿ ನಿಲ್ಲಿಸಿ ಕಾದ. ಮುಂದೆ ಹೊತ್ತವರೂ ಕಾದರು.

ಸಿದ್ದಲಿಂಗವ್ವ ಗಂಟೆ ಹೊಡೆದಳು. ಒಮ್ಮೆ. ಇನ್ನೊಮ್ಮೆ.

ವಿಮಾನ ಬಜಾರಿನ ಕಡೆ ಹೊರಳಿತು. ಹೊರಳುವಾಗ ಗದ್ದಕ್ಕೆ ಕಟ್ಟಿದ ಬಟ್ಟೆ ಸಡಿಲಾಗಿ ರೇವಣಪ್ಪನ ತಲೆ ಮತ್ತೆ ಎಡಕ್ಕೆ ವಾಲಿತು, ಹಿಂದಿನ ಬಾಗಿಲಲ್ಲಿ ಹತ್ತುವವರು ಇನ್ನೂ ಯಾರಾದರೂ ಉಳಿದಿದ್ದಾರೆಯೇ ಎಂದು ಬಗ್ಗಿ ನೋಡುವವನಂತೆ.