ಎಳೆಯುವುದು ಬೇರೆ, ಹೊರುವುದು ಬೇರೆ

ನನ್ನ ಕಿರಿಯ ಸೊಸೆಗೆ ನಮ್ಮ ಮನೆಯಲ್ಲಿ ಲಾರಿ ಎಂದೇ ಅಡ್ಡಹೆಸರು. ಇಟ್ಟವಳು ನಾನೇ. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಮೈಕಟ್ಟು ನೋಡಿ ಬಾಯಿಗೆ ಬಂದದ್ದು. ಆಮೇಲೆ ಅವಳು ನಿಜವಾಗಿಯೂ ಮನೆಯಷ್ಟು ದೊಡ್ಡ ಪಿಕಪ್ ಟ್ರಕ್ಕೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದಳು. ಕಂಡವರ ದೋಣಿ, ಯಂತ್ರ, ಕೆಟ್ಟು ನಿಂತ ವಾಹನಗಳನ್ನೆಲ್ಲ ಟ್ರೈಲರಿಗೆ ಏರಿಸಿ, ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಕಸುಬು ಶುರುಮಾಡಿದಳು. ನನ್ನ ನಾಲಗೆಯ ಮೇಲೆ ಮಚ್ಚೆ ಇದೆ ಎಂದು ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹೆಂಗಸಿಗೆ ಇದೆಂಥ ಕೆಲಸ ಎಂದು ಬಹಳ ದಿನ ಮುಖ ಊದಿಸಿಕೊಂಡೇ ಓಡಾಡಿದೆ. ಈಗ ಯಾರಾದರೂ ನನ್ನೆದುರು ಆ ಮಾತು ಆಡಿದರೆ ಅವರಿಗೆ ಗ್ರಹಚಾರ ಬಿಡಿಸಿಯೇ ಕಳಿಸುತ್ತೇನೆ.

ನಮ್ಮವರು ಬಡಗಿ. ಜೀವಮಾನವಿಡೀ ಊರವರಿಗೆ ಬಾಗಿಲು, ಮಂಚ, ಕಪಾಟು ಮಾಡಿಕೊಟ್ಟವರು. ಅವರ ಕೈಯಲ್ಲಿ ತೆಳ್ಳಗಿನದು ಎಂಬುದು ಹುಟ್ಟುವುದೇ ಇಲ್ಲ. ಒಂದಿಂಚಿನ ಹಲಗೆ ಸಾಕು ಎಂದರೆ ಎರಡಿಂಚಿನದು ಹಾಕುತ್ತಾರೆ. ನಮ್ಮ ಅಡುಗೆಮನೆಯ ಸ್ಟೂಲನ್ನು ಸರಿಸಲು ಇಬ್ಬರು ಬೇಕು. ಕೆಲಸದಿಂದ ನಿವೃತ್ತರಾದ ಮೇಲೆ ಹಿತ್ತಲ ಶೆಡ್ಡಿನಲ್ಲಿ ಒಂದು ದೋಣಿ ಕಟ್ಟಲು ಕೂತರು. ಸಣ್ಣ ತೆಪ್ಪವಲ್ಲ, ಒಳಗೊಂದು ಕೋಣೆ, ಮಲಗಲು ಜಾಗ, ಕಿಟಕಿಗೆ ಗಾಜು ಇರುವ ದೊಡ್ಡ ದೋಣಿ. ಶೆಡ್ಡಿನ ತುಂಬ ಮರದ ಹೊಟ್ಟು, ಅಂಟಿನ ವಾಸನೆ. ಊಟಕ್ಕೆ ಕರೆದು ಕರೆದು ನನ್ನ ಗಂಟಲು ಬಿದ್ದುಹೋಗುತ್ತಿತ್ತು.

ಅವರದು ಒಂದೇ ಒಂದು ಆಸೆ. ದೋಣಿ ಹೋಗುವ ಟ್ರಕ್ಕಿನಲ್ಲೇ ತಾನೂ ಹೋಗಬೇಕು.

"ನಾನು ಮಾಡಿದ್ದನ್ನೆಲ್ಲ ಅಂಗಡಿ ಬಾಗಿಲಲ್ಲಿ ನಿಂತು ಕಳಿಸಿಕೊಟ್ಟಿದ್ದೇ ಆಯ್ತು," ಎಂದಿದ್ದರು ಒಮ್ಮೆ. "ಮಂಚ ಯಾರ ಮನೆ ಸೇರ್ತೋ, ಬಾಗಿಲು ಎಲ್ಲಿ ನಿಂತ್ಕೊಂಡ್ತೋ, ಒಂದನ್ನೂ ನೋಡ್ಲಿಲ್ಲ. ಇದರ ಜೊತೆ ಮಾತ್ರ ನೀರಿನವರೆಗೂ ನಾನೇ ಹೋಗ್ತೀನಿ."

ಇಷ್ಟು ವರ್ಷದಲ್ಲಿ ಆ ಮನುಷ್ಯ ತನಗೆಂದು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಸೊಸೆ ಅಲ್ಲೇ ನಿಂತಿದ್ದಳು. "ಮಾವ, ನನ್ನ ಪಕ್ಕದ ಸೀಟು ನಿಮ್ಮದೇ," ಎಂದು ಮಾತು ಕೊಟ್ಟಳು.

ದೋಣಿ ಹೊರಡುವ ದಿನ ಬೆಳಗ್ಗೆ ಅಂಗಳದಲ್ಲಿ ಸಂತೆ ನೆರೆದ ಹಾಗಿತ್ತು. ದೋಣಿ ಟ್ರೈಲರ್ ಮೇಲೆ ಬಿಗಿಯಾಗಿ ಕೂತಿತ್ತು. ಅದನ್ನು ನೀರಿಗಿಳಿಸಲು ಬೇಕಾದ ಕಬ್ಬಿಣದ ರಾಟೆ, ಸರಪಳಿಗಳು ಟ್ರಕ್ಕಿನ ಹಿಂಭಾಗದಲ್ಲಿದ್ದವು. ಅವುಗಳ ನಡುವೆ ನಾನು ಬುತ್ತಿಯ ಡಬ್ಬಿ ತುರುಕಿದೆ. ನನ್ನ ಹಿರಿಯ ಮಗ ಅಪ್ಪನ ಕೈಯ ಮರದ ಕುರ್ಚಿಗಳನ್ನು ಏದುಸಿರು ಬಿಡುತ್ತಾ ಏರಿಸಿದ. ಆಮೇಲೆ ಅವನು, ಅವನ ಹೆಂಡತಿ, ಕಿರಿಯವನು, ನಾನು, ನಮ್ಮವರು ಎಲ್ಲರೂ ಒಳಗೆ ಹತ್ತಿ ಕೂತೆವು. ಸೊಸೆ ಮಾತ್ರ ಹತ್ತಲಿಲ್ಲ. ಹಿಂದೆ ಹೋಗಿ ಟ್ರಕ್ಕಿನ ಸೊಂಟ ನೋಡಿದಳು. ಅದು ಕುಕ್ಕರಗಾಲಲ್ಲಿ ಕೂತಂತೆ ತಗ್ಗಿತ್ತು.

"ಎಲ್ರೂ ಇಳೀರಿ," ಎಂದಳು.

ಹಿರಿಯವನಿಗೆ ರೇಗಿತು. ಅವನು ಕಟ್ಟಡದ ಕಂಟ್ರಾಕ್ಟರು, ಇನ್ನೊಬ್ಬರ ಆಜ್ಞೆ ಕೇಳಿ ಅಭ್ಯಾಸವಿಲ್ಲ. "ಆರು ಟನ್ ಎಳೆಯುತ್ತೆ ಅಂತ ನೀನೇ ಜಂಭ ಕೊಚ್ಕೋತಿದ್ಯಲ್ಲ? ನಾವು ಐದು ಜನ ಕೂತ್ರೆ ಅದಕ್ಕೇನು ಸೊಳ್ಳೆ ಕೂತ ಹಾಗೆ."

"ಅದು ಎಳೆಯೋ ಲೆಕ್ಕ ಭಾವ. ನಾನು ಹೇಳ್ತಿರೋದು ಹೊರೋ ಲೆಕ್ಕ. ಎಳೆಯೋದು ಬೇರೆ, ಹೊರೋದು ಬೇರೆ."

ಚಾಲಕನ ಬಾಗಿಲು ತೆರೆದು ಅದರ ಚೌಕಟ್ಟಿಗೆ ಅಂಟಿಸಿದ್ದ ಹಳದಿ ಚೀಟಿ ತೋರಿಸಿದಳು. ಜನ, ಸಾಮಾನು ಎಲ್ಲ ಸೇರಿ ಇಷ್ಟು ಕಿಲೋ ಮೀರಬಾರದು ಎಂದು ಟ್ರಕ್ ತಯಾರಿಸಿದವರು ಬರೆದ ಚೀಟಿ. ನಾನು ಅದನ್ನು ದಿನಾ ನೋಡುತ್ತಿದ್ದೆ, ಓದಿರಲಿಲ್ಲ.

"ದೋಣಿ ಪೂರ್ತಿ ಟ್ರೈಲರ್ ಚಕ್ರದ ಮೇಲೆ ಕೂತಿಲ್ಲ ಅತ್ತೆ," ಎಂದು ನನಗೆ ಬಿಡಿಸಿ ಹೇಳಿದಳು. "ಟ್ರೈಲರಿನ ಮೂಗು ಟ್ರಕ್ಕಿನ ಹಿಂದಿನ ಈ ಕೊಕ್ಕೆ ಮೇಲೆ ಒರಗಿದೆ. ಅಷ್ಟು ಭಾರ ಟ್ರಕ್ಕಿನ ಬೆನ್ನಿಗೇ ಬಿತ್ತು. ಚೀಟಿ ಲೆಕ್ಕದಲ್ಲಿ ಆ ಮೂಗೂ ಒಬ್ಬ ಪ್ರಯಾಣಿಕನೇ. ಅದೊಂದೇ ಆರೇಳು ಜನರ ಜಾಗ ನುಂಗಿದೆ. ಮುಂದೆ ಸರೋವರದವರೆಗೂ ತಿರುವಿನ ಮೇಲೆ ತಿರುವು, ಬರೀ ಇಳಿಜಾರು. ಬೆನ್ನಿಗೆ ಭಾರ ಜಾಸ್ತಿ ಆದ್ರೆ ಮುಂದಿನ ಚಕ್ರಕ್ಕೆ ನೆಲದ ಹಿಡಿತ ಇರಲ್ಲ. ಸ್ಟಿಯರಿಂಗ್ ತಿರುಗಿಸಿದ್ರೂ ತಿರುಗಲ್ಲ."

ಹಿರಿಯವನು ಗೊಣಗುತ್ತಲೇ ಇಳಿದು ತನ್ನ ಕಾರು ತೆಗೆದ. ನಾನು, ಹಿರಿಸೊಸೆ, ಕಿರಿಯವನು, ಬುತ್ತಿ, ಎರಡು ಕುರ್ಚಿ ಕಾರಿಗೆ ಬಂದೆವು. ಉಳಿದ ಕುರ್ಚಿಗಳು ಅಂಗಳದಲ್ಲೇ ಉಳಿದವು. ಟ್ರಕ್ಕಿನಲ್ಲಿ ಅವಳು ಮತ್ತು ನಮ್ಮವರು ಇಬ್ಬರೇ. ನಮ್ಮವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆಲ್ಟ್ ಬಿಗಿದುಕೊಂಡು, ಶಾಲೆಯಿಂದ ಪ್ರವಾಸ ಹೊರಟ ಮಗುವಿನ ಹಾಗೆ ಕೂತಿದ್ದರು.

ಇಳಿಜಾರು ಶುರುವಾಗುವ ಮೊದಲು ಒಂದು ಕಲ್ಲುಕ್ವಾರಿ. ಅಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್, ಅಂದರೆ ತೂಕದ ಸೇತುವೆ, ಇದೆ. ದೋಣಿ ಎಷ್ಟು ಭಾರ ಎಂದು ಅವಳು ಕೇಳಿದಾಗಲೆಲ್ಲ ನಮ್ಮವರು "ಹೂವಿನ ಹಾಗಿದೆ" ಎಂದೇ ಹೇಳಿದ್ದರು. ಅವರ ಹೂವುಗಳು ಹೇಗಿರುತ್ತವೆಂದು ಗೊತ್ತಿದ್ದ ಅವಳು ತನ್ನ ಅಂದಾಜಿಗೆ ಸಾಕಷ್ಟು ಸೇರಿಸಿಕೊಂಡೇ ಲೆಕ್ಕ ಹಾಕಿದ್ದಳು. ಆದರೂ ತೂಗದೆ ಇಳಿಯುವುದಿಲ್ಲ ಎಂದು ಟ್ರಕ್ಕನ್ನು ಸೇತುವೆಗೆ ಹತ್ತಿಸಿದಳು. ಧೂಳು ಹಿಡಿದ ಕಿಟಕಿಯಾಚೆ ತೂಕದವನು ಟೀ ಲೋಟ ಕೆಳಗಿಟ್ಟು ಅಂಕಿ ಕೂಗಿದ. ಅವಳು ಬೆರಳು ಮಡಿಸಿ ಲೆಕ್ಕ ಮಾಡಿದಳು. ಮತ್ತೊಮ್ಮೆ ತೂಗಿಸಿದಳು.

"ಚೀಟಿಗಿಂತ ಇಪ್ಪತ್ತು ಕಿಲೋ ಜಾಸ್ತಿ," ಎಂದಳು. ಹೂವು ಅವಳ ಲೆಕ್ಕವನ್ನೂ ಮೀರಿ ಅರಳಿತ್ತು.

ಹಿಂದಿದ್ದ ನೀರಿನ ಕ್ಯಾನು, ಬೇಡದ ಹಗ್ಗಗಳೆಲ್ಲ ಮನೆಯಲ್ಲೇ ಇಳಿದಿದ್ದವು. ರಾಟೆ ಬಿಚ್ಚಿದರೆ ದೋಣಿ ಇಳಿಸುವಂತಿಲ್ಲ. ಹಿರಿಯವನು, "ದೋಣೀನ ಟ್ರೈಲರ್ ಮೇಲೆ ಸ್ವಲ್ಪ ಹಿಂದಕ್ಕೆ ಜರುಗಿಸು, ಮೂಗು ಹಗುರ ಆಗುತ್ತೆ," ಎಂದ. ತಪ್ಪು ಮಾತೇನೂ ಅಲ್ಲ.

"ಮೂಗು ಇನ್ನೂ ಹಗುರ ಆದ್ರೆ ಬಾಲ ಬಿಚ್ಚುತ್ತೆ ಭಾವ. ಇಳಿಜಾರಲ್ಲಿ ಟ್ರೈಲರ್ ಅತ್ತಿತ್ತ ಹೊಯ್ದಾಡೋಕೆ ಶುರುವಾದ್ರೆ ಆಮೇಲೆ ಯಾರ ಕೈಲೂ ಹಿಡಿಯೋಕಾಗಲ್ಲ."

"ಇಪ್ಪತ್ತು ಕಿಲೋಗೆ ಟ್ರಕ್ಕೇನು ಮುರಿದು ಬೀಳುತ್ತಾ?" ಎಂದು ಹಿರಿಯವನು ಗೊಣಗಿದ. ತೂಕದವನೂ ಕಿಟಕಿಯಿಂದ ತಲೆ ಹಾಕಿದ. "ಇಲ್ಲಿ ಬರೋ ಲಾರಿಯವರು ಟನ್‌ಗಟ್ಟಲೆ ಜಾಸ್ತಿ ಹೇರ್ಕೊಂಡು ಹೋಗ್ತಾರಮ್ಮ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಸುಳ್ಳು ಯಾಕೆ ಹೇಳಲಿ, ನಾನೂ ಅದನ್ನೇ ಹೇಳಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ. "ಅಡ್ಜಸ್ಟ್ ಮಾಡ್ಕೊಳ್ಳೇ! ಆ ಮನುಷ್ಯ ಎಷ್ಟು ವರ್ಷದಿಂದ ಕಾದಿದ್ದಾರೆ ಗೊತ್ತಲ್ವಾ ನಿಂಗೆ?"

ಅವಳು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. "ನಾವು ಅಡ್ಜಸ್ಟ್ ಮಾಡ್ಕೋಬಹುದು ಅತ್ತೆ. ಬ್ರೇಕು, ಟೈರು ಮಾಡ್ಕೊಳ್ಳಲ್ಲ. ಇವತ್ತು ಇಪ್ಪತ್ತು ಬಿಟ್ರೆ ನಾಳೆ ಐವತ್ತು ಬಿಡ್ತೀನಿ. ಬೇರೆಯವರ ಸಾಮಾನಿಗೆ ಒಂದು ಲೆಕ್ಕ, ನನ್ನ ಮಾವನಿಗೆ ಒಂದು ಲೆಕ್ಕ ಇಟ್ಕೊಳ್ಳೋಕಾಗುತ್ತಾ?"

ಆಗ ಕ್ಲಿಕ್ ಎಂದು ಬೆಲ್ಟ್ ಬಿಚ್ಚಿದ ಸದ್ದಾಯಿತು. ನಮ್ಮವರು ಬಾಗಿಲು ತೆರೆದು, ನೋಯುವ ಮಂಡಿಯನ್ನು ಕೈಯಲ್ಲಿ ಹಿಡಿದು, ಒಂದು ಕಾಲು ಕೆಳಗಿಟ್ಟಿದ್ದರು.

"ನಾನೇ ಕಾರಲ್ಲಿ ಬರ್ತೀನಿ ಬಿಡಮ್ಮ. ಹಿಂದಿನಿಂದ ನೋಡಿದ್ರೂ ಕಾಣುತ್ತಲ್ಲ," ಎಂದರು. ಮುಖ ಬಾಡಿಹೋಗಿತ್ತು. ನನಗೆ ಸೊಸೆಯ ಮೇಲೆ ಸಿಟ್ಟು ಉಕ್ಕಿತು, ಅವಳು ಹೇಳಿದ್ದು ಸರಿ ಎಂದು ಗೊತ್ತಿದ್ದರಿಂದ ಇನ್ನೂ ಜೋರಾಗಿ ಉಕ್ಕಿತು.

ಅವಳು ಓಡಿಹೋಗಿ ಅವರ ಮೊಣಕೈ ಹಿಡಿದಳು. "ನೀವ್ಯಾಕೆ ಇಳೀಬೇಕು ಮಾವ? ಕೂತ್ಕೊಳ್ಳಿ." ಅವರನ್ನು ಮತ್ತೆ ಸೀಟಿಗೆ ಹತ್ತಿಸಿ, ಬೆಲ್ಟನ್ನು ತಾನೇ ಹಾಕಿ, ಟ್ರಕ್ಕನ್ನು ಸೇತುವೆಯಿಂದ ಆಚೆ ತೆಗೆದು, ಈಚೆ ಬಂದು ತನ್ನ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನನ್ನ ಕಿರಿಮಗ ಗಾಳಿ ಬಂದರೆ ಹಾರಿಹೋಗುವ ಆಳು. ಹೆತ್ತವಳು ನಾನೇ ಹೇಳುತ್ತೇನೆ, ಅವನ ಮೈಮೇಲೆ ಮಾಂಸ ಇದ್ದದ್ದೇ ಇಲ್ಲ.

"ಬಾ, ಸೇತುವೆ ಮೇಲೆ ನಿಂತ್ಕೋ," ಎಂದಳು. ಮೊದಲು ಅವನನ್ನು ನಿಲ್ಲಿಸಿದಳು, ಆಮೇಲೆ ಎಲ್ಲರೆದುರಿಗೆ ತಾನು ಹತ್ತಿ ನಿಂತಳು. ತೂಕದವನ ಯಂತ್ರ ಅಷ್ಟು ಸಣ್ಣ ಲೆಕ್ಕಕ್ಕೆ ಒಗ್ಗಲಿಲ್ಲ. ಅವನು ಒಳಗಿನಿಂದ ಮೂಟೆ ತೂಗುವ ತಕ್ಕಡಿ ತಂದಿಟ್ಟ, ಇಬ್ಬರೂ ಒಬ್ಬರಾದ ಮೇಲೊಬ್ಬರು ಅದರ ಮೇಲೆ ನಿಂತರು. ಗಂಡನಿಗಿಂತ ಅವಳು ಮೂವತ್ತು ಕಿಲೋ ಹೆಚ್ಚಿಗೆ ಬಂದಳು. ನಾನು ಅಷ್ಟು ವರ್ಷ ಹಂಗಿಸಿದ್ದ ಮೈ ಅದು. ಅಂಕಿ ಕೇಳಿ ಅವಳು ನಾಚಿಕೊಳ್ಳಲಿಲ್ಲ, ಕೈ ತಟ್ಟಿದಳು.

"ಸರಿಹೋಯ್ತು. ನೀನು ಓಡಿಸು, ನಾನು ಕಾರಲ್ಲಿ ಬರ್ತೀನಿ," ಎಂದು ಗಂಡನ ಕೈಗೆ ಕೀಲಿ ಕೊಟ್ಟಳು.

ಅವನಿಗೂ ಲೈಸೆನ್ಸ್ ಇದೆ, ಅವಳ ಪಕ್ಕದಲ್ಲಿ ಕೂತು ಇದೇ ರಸ್ತೆಯಲ್ಲಿ ಭಾರ ಇಳಿಸಿದವನೇ. ಆದರೆ ಈ ದೋಣಿ ಒಯ್ಯುವ ಕೆಲಸ ಅವಳದು. ಟ್ರೈಲರಿನ ಮೇಲೆ ದೋಣಿ ಕೂರುವ ತೊಟ್ಟಿಲು ಅವಳೇ ಅಳತೆ ಕೊಟ್ಟು ಮಾಡಿಸಿದ್ದು, ಪಟ್ಟಿಗಳನ್ನು ಅವಳೇ ಬಿಗಿದದ್ದು. ಮಾವನ ದೋಣಿಯನ್ನು ತಾನೇ ನೀರಿಗಿಳಿಸುತ್ತೇನೆಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಅದನ್ನೆಲ್ಲ ಕೀಲಿಯ ಜೊತೆ ಕೊಟ್ಟುಬಿಟ್ಟಳು. ಕೊಡುವಾಗ ಮುಖದಲ್ಲಿ ತ್ಯಾಗದ ಗತ್ತೂ ಇಲ್ಲ, ಬೇಸರವೂ ಇಲ್ಲ. "ಮೊದಲೇ ಸಣ್ಣ ಗೇರಿಗೆ ಹಾಕ್ಕೋ. ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳೀಬೇಡ, ಕಾದುಹೋಗುತ್ತೆ. ಹಿಂದಿನವರು ಹಾರ್ನ್ ಹೊಡೆದ್ರೆ ಹೊಡ್ಕೊಳ್ಳಲಿ," ಎಂದಳು, ಅಷ್ಟೆ.

ಮತ್ತೆ ತೂಗಿದಾಗ ತೂಕದವನು ಹೆಬ್ಬೆರಳೆತ್ತಿದ.

ಇಳಿಯುವಾಗ ಅವಳು ಕಾರಿನಲ್ಲಿ ಹಿರಿಯವನ ಪಕ್ಕ ಕೂತಿದ್ದಳು, ನಾನು ಹಿಂದೆ. ಮುಂದೆ ದೋಣಿ ನಿಧಾನವಾಗಿ, ಬಾಲ ಅಲ್ಲಾಡಿಸದೆ, ಒಂದೊಂದೇ ತಿರುವು ಸುತ್ತುತ್ತಿತ್ತು. ಪ್ರತಿ ತಿರುವಿಗೂ ಅವಳ ಬಲಗಾಲು ಕಾರಿನ ನೆಲವನ್ನು ಒತ್ತುತ್ತಿತ್ತು, ಅಲ್ಲಿ ಇಲ್ಲದ ಬ್ರೇಕನ್ನು. ಒಂದು ಕಡಿದಾದ ತಿರುವಿನಲ್ಲಿ ನಾನು ಮುಂದೆ ಬಗ್ಗಿ ಅವಳ ಭುಜ ಹಿಡಿದುಕೊಂಡೆ. ಧೈರ್ಯ ಹೇಳಲು ಹಿಡಿದದ್ದಲ್ಲ. ಇಂಥವಳು ನಮ್ಮ ಮನೆಗೆ ಬಂದಳಲ್ಲ ಎಂಬ ಹೆಮ್ಮೆಗೆ ಹಿಡಿದದ್ದು.

ಸರೋವರದ ದಂಡೆಯಲ್ಲಿ ದೋಣಿಗಳನ್ನು ಇಳಿಸಲು ಕಾಂಕ್ರೀಟಿನ ಇಳಿಜಾರು ಕಟ್ಟಿದ್ದಾರೆ. ಟ್ರಕ್ಕು ಅದರ ತಲೆಯಲ್ಲಿ ನಿಂತಿತು. ಕಿರಿಯವನು ಬೆವರು ಒರೆಸಿಕೊಳ್ಳುತ್ತಾ ಇಳಿದು ಕೀಲಿಯನ್ನು ಹೆಂಡತಿಯತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಇನ್ನು ನಾಲ್ಕು ಮಾರು ತಾನೆ, ನೀನೇ ಮುಗಿಸು. ಮಾವ ಒಳಗಿದ್ದಾರೆ. ನಾನು ಹತ್ತಿದ್ರೆ ಮತ್ತೆ ಜಾಸ್ತಿ ಆಗುತ್ತೆ."

ನಮ್ಮವರು ಕಿಟಕಿಯಿಂದ ಎಲ್ಲ ಕೇಳಿಸಿಕೊಂಡರು. ಬೆಲ್ಟ್ ಬಿಚ್ಚಿದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಇಳಿದರು. ಈ ಸಲ ಮುಖ ಬಾಡಿರಲಿಲ್ಲ.

"ಮಾವ, ನೀರಿನವರೆಗೂ ಅಂದಿದ್ರಿ!" ಎಂದಳು ಅವಳು, ಗಾಬರಿಯಾಗಿ.

"ಅಂದಿದ್ದೆ. ಈಗ ಇಳಿದೆ. ಹತ್ತಮ್ಮ, ಜಾಗ ಖಾಲಿ ಇದೆ."

ಅವಳು ಕಣ್ಣೊರೆಸಿಕೊಂಡು, ಗಂಡನ ಕೈಯಿಂದ ಕೀಲಿ ತೆಗೆದುಕೊಂಡು ಹತ್ತಿದಳು. ಟ್ರಕ್ಕು ಹಿಮ್ಮುಖವಾಗಿ ನೀರಿನತ್ತ ಇಳಿಯತೊಡಗಿತು. ನಮ್ಮವರು ದಂಡೆಯ ಪಕ್ಕ ನಿಂತು ಎರಡೂ ಕೈ ಎತ್ತಿ, ಬಾ, ಬಾ, ಸ್ವಲ್ಪ ಎಡಕ್ಕೆ, ಎಂದು ದಾರಿ ತೋರಿಸಿದರು. ಕನ್ನಡಿ ನೋಡಿಕೊಂಡು ನೂರಾರು ದೋಣಿ ಇಳಿಸಿದ ಅವಳಿಗೆ ಯಾರೂ ದಾರಿ ತೋರಿಸಬೇಕಾಗಿರಲಿಲ್ಲ. ಆದರೂ ಅವರ ಕೈ ತಿರುಗಿದತ್ತ ತಿರುಗಿಸಿದಳು, ಅವರ ಕೈ ನಿಂತಲ್ಲಿ ನಿಂತಳು.