ನಜಮಾ ಆಪಾಳಿಗೆ ಉಡಿ ತುಂಬಿದ್ದು

ಸರಹದ್ದಿನಾಚೆ, ಸೋಲಾಪುರದ ಕಡೆ, ಸ್ವಾತಂತ್ರ್ಯ ಬಂದು ಕೆಲವು ತಿಂಗಳಾಗಿತ್ತು. ಆಳಂದದಲ್ಲಿ ಇನ್ನೂ ನಿಜಾಮರ ಆಳ್ವಿಕೆ, ನಮ್ಮ ಹೆರಿಗೆ ವಾರ್ಡಿನಲ್ಲಿ ಡಾಕ್ಟರ್ ಸಾಹೇಬರ ಆಳ್ವಿಕೆ. ನಿಜಾಮರ ಬಗ್ಗೆ ನನಗೆ ಹೆಚ್ಚು ಗೊತ್ತಿರಲಿಲ್ಲ. ಸಾಹೇಬರ ಕಾಯ್ದೆ ಮಾತ್ರ ನನ್ನ ಕಾಲಿಗೆ ಚೆನ್ನಾಗಿ ಗೊತ್ತಿತ್ತು: ಡ್ಯೂಟಿಯಲ್ಲಿರುವ ನರ್ಸ್ ಕೂರಬಾರದು.

ಅದು ಒಬ್ಬ ಸೇಠಜಿ ಕಟ್ಟಿಸಿದ ಸಣ್ಣ ದವಾಖಾನೆ. ನರ್ಸುಗಳು ಇಬ್ಬರೇ. ನಾನು ಶಿವಕಾಂತಾ, ಇನ್ನೊಬ್ಬಳು ನನಗೆ ಕೆಲಸ ಕಲಿಸಿದ ನಜಮುನ್ನಿಸಾ. ಊರಿಗೆಲ್ಲ ಅವಳು ಆಪಾ, ಅಂದರೆ ಅಕ್ಕ. ನಾವು ನಿಂತೇ ಹೆರಿಗೆ ಮಾಡಿಸಬೇಕು, ನಿಂತೇ ಬಟ್ಟೆ ಕುದಿಸಬೇಕು, ನಿಂತೇ ರೊಟ್ಟಿ ತಿನ್ನಬೇಕು. ಇಡೀ ದವಾಖಾನೆಗೆ ಇದ್ದದ್ದು ಒಂದೇ ಕುರ್ಚಿ. ಸಾಹೇಬರು ಅದರಲ್ಲಿ ಕೂತು, ನಿಂತು ಮಾಡುವ ಸೇವೆಯ ಹಿರಿಮೆಯನ್ನು ನಮಗೆ ತಿಳಿಸಿ ಹೇಳುತ್ತಿದ್ದರು.

ಆಪಾಳ ಮೊಣಕಾಲು ಊದಿಕೊಂಡಿದ್ದವು. ಒಂದು ಸ್ಟೂಲು ಕೇಳಿದ್ದಕ್ಕೆ ಸಾಹೇಬರು, "ಕೂಡೋ ಚಟ ಹತ್ತಿದ್ರ ಕೆಲಸ ಆಗಂಗಿಲ್ರಿ" ಎಂದುಬಿಟ್ಟರು. ಈ ತಿಂಗಳು ಮುಗಿದ ಮೇಲೆ ಕೆಲಸ ಬಿಟ್ಟು ಕಲಬುರ್ಗಿಯ ತಮ್ಮನ ಮನೆಗೆ ಹೋಗುತ್ತೇನೆ ಎಂದು ಆಪಾ ನನಗೆ ಹೇಳಿದಳು. ನನಗೆ ದಿಗಿಲಾಯಿತು. ಸೂಲಗಿತ್ತಿಯರು ಕೈಚೆಲ್ಲಿದ ಮೇಲೆ ನಮ್ಮಲ್ಲಿಗೆ ಬರುವ ಬಸುರಿಯರನ್ನು ನಾನೊಬ್ಬಳೇ ಹೇಗೆ ನೋಡಿಕೊಳ್ಳಲಿ?

ಅಷ್ಟರಲ್ಲಿ ಮಟಕಿ ಎಂಬ ಹಳ್ಳಿಯ ಹಣಮವ್ವನ ಸೊಸೆ ಹೆತ್ತಳು. ಮನೆಗೆ ಹೊರಡುವ ದಿನ ಹಣಮವ್ವ ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು ಹಿಡಿದುಕೊಂಡು ಬಂದಳು. ಮೊಮ್ಮಗನನ್ನು ಮೊದಲು ಹಿಡಿದವಳಿಗೆ ಉಡಿ ತುಂಬದೆ ಹೋಗುವ ಹೆಂಗಸಲ್ಲ ಅವಳು.

"ಆಪಾ, ಕೂಡ್ರಿ," ಎಂದಳು.

"ಕೂಡಾಕ ನಮಗ ಹುಕುಂ ಇಲ್ಲವ್ವಾ," ಎಂದಳು ಆಪಾ.

ಅದೇ ಹೊತ್ತಿಗೆ ಬಂದ ಸಾಹೇಬರು, ಕೊಡುವುದನ್ನು ನಿಂತವಳಿಗೇ ಕೊಟ್ಟು ಹೊರಡು ಎಂದರು.

"ನಿಂತಾಕಿಗಿ ಉಡಿ ತುಂಬತಾರೇನ್ರಿ?" ಎಂದ ಹಣಮವ್ವ ಮಂಚದ ಮೇಲೆ ಕೂತುಬಿಟ್ಟಳು, ಎದ್ದು ನಿಂತಿದ್ದ ಸೊಸೆಯನ್ನೂ ಕೂರಿಸಿದಳು. ಅವತ್ತೇ ಹೊರಡಬೇಕಿದ್ದ ಸರಸಂಬಾದ ಪ್ಯಾರಿಬಿ ಪಕ್ಕದ ಮಂಚದಲ್ಲಿದ್ದಳು. ಅವಳೂ ಕಟ್ಟಿದ ಗಂಟು ಬಿಚ್ಚಿ, ಹಣಮವ್ವ ಹೋಗುವತನಕ ತಾನೂ ಹೋಗುವುದಿಲ್ಲ ಎಂದಳು. ಅಂಗಳದಲ್ಲಿ ಆಗಲೇ ಇನ್ನೊಂದು ಬಂಡಿ ಬಂದು ನಿಂತಿತ್ತು. ಅದರೊಳಗಿನ ಬಸುರಿಯ ನರಳಾಟ ಒಳಗೆಲ್ಲ ಕೇಳುತ್ತಿತ್ತು, ಮಂಚ ಮಾತ್ರ ಒಂದೂ ಖಾಲಿ ಇರಲಿಲ್ಲ.

"ಆಯ್ತು, ನೆಲದ ಮ್ಯಾಲ ಕೂಡಲಿ. ಲಗೂ ಮುಗಸ್ರಿ," ಎಂದರು ಸಾಹೇಬರು.

"ನೆಲಕ್ಕ ಕುಂತ್ರ ನನ್ನ ಎಬ್ಬಿಸಾಕ ನಾಕ ಮಂದಿ ಬೇಕ್ರಿ ಸಾಹೇಬ್ರ," ಎಂದಳು ಆಪಾ ಬಹಳ ವಿನಯದಿಂದ.

ಸಾಹೇಬರು ಬಂಡಿಯ ಕಡೆ ನೋಡಿದರು, ಮಂಚಗಳ ಕಡೆ ನೋಡಿದರು. ಆಮೇಲೆ ತಾವೇ ಹೋಗಿ ಕುರ್ಚಿ ಎತ್ತಿಕೊಂಡು ಬಂದರು.

ಆಪಾ ಕೂತಳು. ಬೆನ್ನು ಆನಿಸಿದ ಕೂಡಲೇ ಅವಳ ಕಣ್ಣು ಅರೆಮುಚ್ಚಿದವು. ಹಣಮವ್ವ ಅವಳ ಸೆರಗಿನಲ್ಲಿ ಒಂದೊಂದಾಗಿ ಎಲ್ಲ ತುಂಬಿ, ಆ ಊದಿದ ಕಾಲನ್ನು ಒಮ್ಮೆ ನೋಡಿ, ಗಂಭೀರವಾಗಿ ಹೇಳಿದಳು: "ನಮ್ಮ ಬಂಡಿ ಮಟಕಿ ಮುಟ್ಟೋತನಕ ಏಳಬ್ಯಾಡ್ರಿ ಆಪಾ. ಎದ್ರ ಕೂಸಿಗಿ ಚಲೋ ಅಲ್ಲ."

ಇಂಥ ಪದ್ಧತಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಾಗೆಂದು ಬಾಯಿ ಬಿಡುವಷ್ಟು ದಡ್ಡಿಯೂ ನಾನಲ್ಲ. ಹೈದರಾಬಾದಿನಲ್ಲಿ ಓದಿದ ಸಾಹೇಬರು ಹೌದೇನು ಎಂಬಂತೆ ನನ್ನ ಮುಖ ನೋಡಿದರು.

"ಭಾಳ ಹಳೇ ಪದ್ಧತಿ ಅದರಿ ಸಾಹೇಬ್ರ," ಎಂದೆ.

"ನಮ್ಮೊಳಗೂ ಅದರಿ," ಎಂದಳು ಪ್ಯಾರಿಬಿ ಗಂಟು ಕಟ್ಟುತ್ತ.

ಮಂಚಗಳು ಖಾಲಿಯಾದವು, ಹೊಸ ಬಸುರಿಯನ್ನು ಒಳಗೆ ತಂದೆವು. ಆಪಾ ಏಳುವಂತಿರಲಿಲ್ಲ, ನನಗಿದ್ದದ್ದು ಎರಡೇ ಕೈ. ಹಾಗಾಗಿ ಬಿಸಿನೀರು ತರುವುದು, ಬಟ್ಟೆ ಕುದಿಸುವುದು, ಬೋಗುಣಿ ಹಿಡಿದು ಮಂಚದ ಪಕ್ಕ ನಿಲ್ಲುವುದು ಎಲ್ಲ ಸಾಹೇಬರ ಪಾಲಿಗೆ ಬಂತು. ಮಧ್ಯಾಹ್ನ ಹೆಣ್ಣುಕೂಸು ಹುಟ್ಟಿ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಆಗುವಷ್ಟರಲ್ಲಿ ಸಾಹೇಬರು ಗೋಡೆಗೆ ಆನಿಕೊಂಡು ಒಂದು ಕಾಲು ಎತ್ತಿ, ಮತ್ತೊಂದು ಕಾಲು ಎತ್ತಿ, ನಿಲ್ಲಲಾರದೆ ನಿಂತಿದ್ದರು.

"ನಜಮಾಬಿ, ಕಾಲು ದಿನಾ ಹಿಂಗ ನೋಯ್ತಾವೇನ್ರಿ?"

ಆಪಾ ಅಕ್ಕಿ ಚೆಲ್ಲದಂತೆ ಸೆರಗು ಹಿಡಿದುಕೊಂಡು ಸ್ವಲ್ಪ ಯೋಚಿಸಿದಳು. "ಇಲ್ರಿ ಸಾಹೇಬ್ರ. ಇದಿನ್ನಾ ಮಧ್ಯಾನ ಅದ. ನೋಯೂದು ಸಂಜೀಗಿ ಶುರು ಆಗತದ."

ನನಗೆ ನಗು ಬಂತು. ಅವಳು ನಗಿಸಲಿಕ್ಕೆ ಹೇಳಿದ್ದಲ್ಲ ಎಂದು ಗೊತ್ತಿದ್ದುದರಿಂದ ಅದರ ಹಿಂದೆಯೇ ಅಳುವೂ ಬಂತು. ಸಾಹೇಬರು ಕುಂಟುತ್ತ ಹೊರಗೆ ಹೋಗಿ ಬಡಗಿ ಚಂದಪ್ಪನನ್ನು ಕರೆಸಿದರು. ನರ್ಸುಗಳಿಗೆ ಸ್ಟೂಲು ಬೇಕು ಎಂದರು.

"ಎರಡು ಸಾಕೇನ್ರಿ?" ಎಂದ ಚಂದಪ್ಪ.

"ಮೂರು ಮಾಡು, ನನಗೂ ಒಂದಿರಲಿ. ಆ ಬಂಡಿ ಮಟಕಿ ಯಾವಾಗ ಮುಟ್ಟತದೋ ಯಾರಿಗಿ ಗೊತ್ತು."

ಆಪಾ ಕುರ್ಚಿಯಲ್ಲಿ ಇನ್ನಷ್ಟು ಒರಗಿ ಕಾಲು ಚಾಚಿದಳು. "ಶಿವಕಾಂತಾ, ಕಲಬುರ್ಗಿ ಭಾಳ ದೂರ ಆಗತದ ಬೇ," ಎಂದಳು. "ನಾ ಹೋಗಂಗಿಲ್ಲ."